ಗ್ಯಾಸ್‌ಬತ್ತಿಗೆ ಸುತ್ತಿದ ಕೆಂಪು ಎಳೆ

ಮೀರಾಸಾಬ ಸೊಕ್ಕಿನ ಮನುಷ್ಯ. ಇನ್ನೊಬ್ಬರ ಕೈಕೆಲಸವನ್ನು ಒಪ್ಪಿಕೊಳ್ಳುವುದು ಅವನ ಜಾಯಮಾನದಲ್ಲೇ ಇಲ್ಲ. ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ರಿಪೇರಿ ಅಂಗಡಿ. ಒಂದು ಕಾಲಕ್ಕೆ ಸೀಮೆಎಣ್ಣೆಯ ಸ್ಟೋವು, ಪಂಪು ಹೊಡೆದು ಉರಿಸುವ ಗ್ಯಾಸ್‌ಬತ್ತಿ. ಈಗ ಕುಕ್ಕರು, ಮಿಕ್ಸರು. ಯಾರು ಏನು ತಂದರೂ ಮೊದಲು ಹುಡುಕುವುದು ಹಿಂದೆ ಅದಕ್ಕೆ ಕೈಹಾಕಿದವನ ಗುರುತನ್ನು. ಸಿಕ್ಕಿತೋ, "ಇದನ್ನ ಯಾವ ಕುರುಡ ಮಾಡ್ಯಾನ?" ಎಂದು ಗಿರಾಕಿಯ ಎದುರೇ ಬೈದು, ಅದನ್ನು ಕಿತ್ತೆಸೆದು, ಆಮೇಲೆ ಕೆಲಸಕ್ಕೆ ಕೂಡುತ್ತಾನೆ. ನೆಟ್ಟಗಿದ್ದದ್ದನ್ನೂ ಕಿತ್ತಿದ್ದಾನೆ.

ಹೆಂಡತಿ ಗುಲಾಬಬಿಯನ್ನೂ ಅವನು ಬಿಡಲಿಲ್ಲ. ಅವಳು ನೇಕಾರರ ಮನೆಗಳಲ್ಲಿ ಎಳೆ ಕೂಡಿಸುತ್ತಿದ್ದವಳು. ಇಳಕಲ್ ಸೀರೆಯ ಕೆಂಪು ಸೆರಗಿನ ಹಾಸು, ಎಂದರೆ ಉದ್ದದ ಎಳೆಗಳು, ಬೇರೆ; ಒಡಲಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು; ಕೂಡಿದ ಜಾಗ ಬೆರಳಿಗೆ ತಿಳಿಯಬಾರದು. ಗಂಡ ಸಾಮಾನು ತರಲು ಬಾಗಲಕೋಟೆಗೆ ಹೋದಾಗ ಅವಳೇ ಅಂಗಡಿಯಲ್ಲಿ ಕೂತು, ಸೋರುವ ಸ್ಟೋವು ಬಂದರೆ ತಿರುಪಿಗೆ ರೇಷ್ಮೆ ಎಳೆ ಸುತ್ತಿ, ಮೇಲೆ ಬಟ್ಟೆ ಸಾಬೂನು ತಿಕ್ಕಿ, ಬಿಗಿದು ಕೊಟ್ಟು ಕಳಿಸುತ್ತಿದ್ದಳು. ಇದು ಗೊತ್ತಾದ ದಿನ ಮೀರಾಸಾಬ ನಾಲ್ಕು ಜನರ ಮುಂದೆ ಕೂಗಾಡಿದ.

"ಇದೇನು ಸೀರಿ ಸೆರಗೇನು, ಎಳಿ ಸುತ್ತಕೋಂತ ಕೂಡಾಕ? ಇನ್ನ ಮ್ಯಾಲೆ ಅಂಗಡ್ಯಾಗ ಕಾಲಿಡಬ್ಯಾಡ!"

ಅವಳು ಇಡಲಿಲ್ಲ. ಮಧ್ಯಾಹ್ನ ಬುತ್ತಿ ತಂದು ಹೊರಗಿನ ಮೆಟ್ಟಿಲ ಮೇಲೆ ಕೂಡುವಳು. ಎದುರು ಮನೆಯ ಹನಮವ್ವ ಮಗ್ಗ ನಿಲ್ಲಿಸಿ ಬಾಗಿಲಿಗೆ ಬರುವಳು. ಇಬ್ಬರೂ ಮಾತಾಡಿ ನಗುವರು. ಒಳಗೆ ಅವನು ರೊಟ್ಟಿ ಮುರಿಯುತ್ತ, ಏನಕ್ಕೆ ನಗುತ್ತಿದ್ದಾರೆಂದು ಕಿವಿಗೊಡುವನು. "ಒಳಗ ಬಾ" ಎಂದಿದ್ದರೆ ಮುಗಿಯುತ್ತಿತ್ತು. ದಿನಾ ನಾಲಿಗೆಯ ತುದಿಗೆ ಬಂದದ್ದು ದಿನಾ ರೊಟ್ಟಿಯೊಡನೆ ಒಳಗೆ ಹೋಯಿತು. ಹಾಗೆಯೇ ವರ್ಷಗಳು ಕಳೆದವು. ಒಂದು ಚಳಿಗಾಲದ ಜ್ವರದಲ್ಲಿ ಗುಲಾಬಬಿ ತೀರಿಕೊಂಡಳು.

ಅವಳ ಸೀರೆಗಳನ್ನು ಬಂಧುಗಳು ಹಂಚಿಕೊಂಡರು. ಅವಳ ಕೈಯದ್ದು ಎನ್ನುವಂಥದು ಅವನಲ್ಲಿ ಏನೂ ಉಳಿಯಲಿಲ್ಲ, ಉಳಿದದ್ದು ಅವಳು ಕೂಡುತ್ತಿದ್ದ ಆ ಮೆಟ್ಟಿಲೊಂದೇ. ಅದರ ಮೇಲೆ ಅವನು ಯಾರನ್ನೂ ಕೂಡಗೊಡುವುದಿಲ್ಲ, ತಾನೂ ಕೂಡುವುದಿಲ್ಲ. ಅದನ್ನೂ ಓಣಿಯವರು ಸೊಕ್ಕಿನ ಲೆಕ್ಕಕ್ಕೇ ಹಾಕಿದ್ದಾರೆ.

ಕಳೆದ ಶ್ರಾವಣದಲ್ಲಿ ಅಮಾತೆಪ್ಪ ಒಂದು ಗ್ಯಾಸ್‌ಬತ್ತಿ ಹಿಡಿದುಕೊಂಡು ಬಂದ. ಕೂಡಲಸಂಗಮದ ಕಡೆಯ ಹಳ್ಳಿಯವನು, ಭಜನೆಯವನು. ಅವರ ಭಜನೆ ನಡೆಯುವ ಹೊಲದ ಗುಡಿಗೆ ಇನ್ನೂ ಕರೆಂಟು ಹೋಗಿಲ್ಲ.

"ಪಂಪ್ ಹೊಡದ್ರ ಗಾಳಿ ನಿಲ್ಲಂಗಿಲ್ಲ ಮೀರಾಸಾಬ. ಒಂದ್ ಪದಾ ಮುಗಿಯೂದ್ರಾಗ ದೀಪ ಕಣ್ಣ ಮುಚ್ಚತೈತಿ."

"ನಿಮ್ಮ ಪದಾ ಕೇಳಿದ್ರ ನಾನೂ ಮುಚ್ಚತೇನಿ. ಸಂಜಿಗೆ ಬೇಕೇನು?"

"ಸಂಜಿ ಬಸ್ಸಿಗೆ ಹೋಗಬೇಕಪಾ. ಚಿಮಣಿ ಎಣ್ಣಿ ಹುಡಕೂದ್ರಾಗ ಜೀವ ಹೋಗೇತಿ, ದೀಪಾನೂ ಕೈ ಕೊಟ್ರ ಹೆಂಗ?"

ಮೀರಾಸಾಬ ಗಾಜು ಕಳಚಿ, ಬಟ್ಟೆಯಿಂದ ಮಸಿ ಒರೆಸಿದ. ಎಣ್ಣೆ ಟಾಕಿಯ ಮೇಲೆ ನಿಂತ ಹಿತ್ತಾಳೆ ನಳಿಗೆಯ ಬುಡದಲ್ಲಿ, ತಿರುಪಿನ ಸುತ್ತ, ಕೆಂಪನೆಯ ಏನೋ ಕಂಡಿತು. ಉಗುರಿನಿಂದ ಕೆದರಿದ. ರೇಷ್ಮೆ. ಸಾಬೂನು ಗಟ್ಟಿಯಾಗಿ ಮೇಣದಂತೆ ಕೂತಿತ್ತು. ಎಳೆಯ ಕೊನೆಯಲ್ಲಿ ಗಂಟಿರಲಿಲ್ಲ, ಬೆರಳಿಗೆ ತಿಳಿಯದ ಕುಣಿಕೆ ಇತ್ತು.

"ಇದನ್ನ ಯಾರು ಮಾಡಿದ್ರು?" ಎಂದ. ಕುರುಡ ಎಂಬ ಮಾತು ಬರಲಿಲ್ಲ.

ಅಮಾತೆಪ್ಪ ಟೊಪ್ಪಿಗೆ ಸರಿಮಾಡಿಕೊಂಡ. "ಈಗ ಹೇಳಿದ್ರ ಏನು ಬಿಡು. ನಿನ್ನ ಹೇಣ್ತಿ. ನೀ ಊರಾಗ ಇದ್ದಿದ್ದಿಲ್ಲ. 'ಅವ್ರಿಗೆ ಹೇಳಬ್ಯಾಡ್ರಿ ಅಣ್ಣಾ' ಅಂದಿದ್ಳು. ನೀ ಕಿತ್ತ ಒಗೀತಿ ಅಂತ ಅಂಜಿ ಆಮ್ಯಾಲೆ ನಾ ಈ ಕಡೆ ತಂದೇ ಇದ್ದಿದ್ದಿಲ್ಲ."

ಮೀರಾಸಾಬ ಬ್ಲೇಡು ಕೈಗೆ ತಗೊಂಡ. ಕಿತ್ತರೆ ಕೇಳುವವರಿಲ್ಲ. ಅವನು ಕೀಳುವವನೆಂದು ಊರಿಗೇ ಗೊತ್ತು. ಎಳೆ ಬಿಚ್ಚಿ ಕಿಸೆಗೆ ಹಾಕಿಕೊಂಡರೆ ಅದು ಅವನದಾಗುತ್ತದೆ; ಬಿಟ್ಟರೆ ಸಂಜೆಯ ಬಸ್ಸಿಗೆ ಹೋಗುತ್ತದೆ.

"ಅದ ಸೋರಾಕತ್ತೇತೇನು?" ಅಮಾತೆಪ್ಪ ಬಗ್ಗಿ ಕೇಳಿದ.

ಸೋರುತ್ತಿದೆ ಎನ್ನಬಹುದಿತ್ತು. ಆದರೆ ಕಸುಬಿನಲ್ಲಿ ಅವನು ಸುಳ್ಳು ಹೇಳಿದವನಲ್ಲ. ಬ್ಲೇಡು ಇಟ್ಟು, ಟಾಕಿಗೆ ಪಂಪು ಹೊಡೆದು ಗಾಳಿ ತುಂಬಿದ. ಬಟ್ಟಲಲ್ಲಿ ಸಾಬೂನು ನೊರೆ ಎಬ್ಬಿಸಿ ಒಂದೊಂದೇ ಕೂಡುಸಂದಿಗೆ ಬೆರಳಿನಿಂದ ಹಚ್ಚಿದ. ಎಣ್ಣೆ ಸುರಿಯುವ ಮುಚ್ಚಳಕ್ಕೆ ಹಚ್ಚಿದ, ನೊರೆ ಸುಮ್ಮನಿತ್ತು. ಪಂಪಿನ ಬಾಯಿಗೆ ಹಚ್ಚಿದ, ಸುಮ್ಮನಿತ್ತು. ಕೆಂಪು ಎಳೆಯ ಮೇಲೆ ಹಚ್ಚುವಾಗ ಬೆರಳು ತಡೆಯಿತು. ಅಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಇನ್ನುಳಿದದ್ದು, ಉರಿ ಏರಿಸಿ ಇಳಿಸುವ ಚಾವಿಯ ಬುಡ. ಅಲ್ಲಿ ನೊರೆ ಹಚ್ಚಿದ್ದೇ ತಡ, ಗುಳ್ಳೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು.

ಆ ಚಾವಿಗೆ ಸೀಸದ ಬಿಲ್ಲೆ ಬಡಿದು ಕೂಡಿಸಿದ್ದು ಅವನೇ. ದೀಪ ಮೊದಲ ಸಲ ಅಂಗಡಿಗೆ ಬಂದಾಗ, "ನಾ ಸತ್ರೂ ಇದು ಸೋರಂಗಿಲ್ಲ" ಎಂದು ಹೇಳಿ ಕಳಿಸಿದ್ದ.

ಅಮಾತೆಪ್ಪನಿಗೂ ಅದು ನೆನಪಿತ್ತು. "ಇದನ್ನ ಯಾವ ಕುರುಡ ಮಾಡ್ಯಾನಪಾ?" ಎಂದು ನಗತೊಡಗಿದ.

ಮೀರಾಸಾಬ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಸವೆದ ಸೀಸವನ್ನು ಮೊಳೆಯಿಂದ ಎಬ್ಬಿಸಿ ತೆಗೆದ. ಡಬ್ಬಿಯಲ್ಲಿ ಅಂಥ ಬಿಲ್ಲೆಗಳಿದ್ದವು. ಡಬ್ಬಿ ತೆರೆದು ನೋಡಿ ಮುಚ್ಚಿದ. ಎದ್ದು ಓಣಿ ದಾಟಿದ.

"ಹನಮವ್ವಾ, ಒಂದೆಳಿ ರೇಷ್ಮಿ ಕೊಡು."

ಮಗ್ಗ ನಿಂತಿತು. "ನಿನಗ್ಯಾಕೋ ರೇಷ್ಮಿ? ಸೀರಿ ಉಡಾವಾ?"

"ದೀಪ ಸೋರಾಕತ್ತೇತಿ."

ಹನಮವ್ವ ಮತ್ತೆ ಚೇಷ್ಟೆ ಮಾಡಲಿಲ್ಲ. "ಯಾವ ಬಣ್ಣದ್ದು?"

"ಸೆರಗಿಂದು."

ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಬಂದು, ಅವನು ಒಳಗಿನಿಂದ ದೀಪವನ್ನೂ ಸಾಬೂನನ್ನೂ ತಂದ. "ಆ ಹಳೇ ಎಳಿ ಹಂಗ ಇರಲೇನು?" ಎಂದ ಅಮಾತೆಪ್ಪ.

"ಅದು ಸೋರಂಗಿಲ್ಲ."

ಮೀರಾಸಾಬ ಹೊರಗಿನ ಮೆಟ್ಟಿಲ ಧೂಳನ್ನು ಅಂಗೈಯಿಂದ ಒರೆಸಿದ. ಅದರ ಒಂದು ಬದಿಗೆ ಸರಿದು ಕೂತು, ಎಳೆಯ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಚಾವಿಯ ಬುಡಕ್ಕೆ ಸುತ್ತತೊಡಗಿದ.