ಗವಿಯಪ್ಪನ ಗುಡ್ಡಕ್ಕೆ ಹಿಂದಿನ ಹಾದಿಯಿಂದ

ಯಾದಗಿರಿಯಲ್ಲಿ ಬೆಳಗಿನ ಆರರ ಬಸ್ಸು ಹತ್ತಿದಾಗಲೇ ನನಗೆ ಸಿಟ್ಟಿತ್ತು. ಕೈಚೀಲದಲ್ಲಿ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ, ಒಂದು ಬಾಟಲಿ ನೀರು, ಕಾಲುವೆ ಕಚೇರಿಯಿಂದ ಬಂದ ಒಂದು ಕಾಗದ. ಕಾಗದದಲ್ಲಿ ಇದ್ದದ್ದು ಎರಡೇ ವಾಕ್ಯ: ‘ಸದರಿ ಸ್ಥಳದಲ್ಲಿ ಗುಡ್ಡಕ್ಕೆ ಹೋಗುವ ಯಾವುದೇ ದಾರಿ ಇರುವ ಬಗ್ಗೆ ದಾಖಲೆ ಇರುವುದಿಲ್ಲ. ಆದಕಾರಣ ಕಾಲುಸೇತುವೆಯ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ.’ ಅರ್ಜಿ ಬರೆದವಳು ನಾನೇ. ಹೆಬ್ಬೆಟ್ಟು ಒತ್ತಿದವರು ನನ್ನ ಚಿಗವ್ವ ನೀಲವ್ವ ಮತ್ತು ಅವಳ ಓಣಿಯ ಹೆಂಗಸರು.

ಶಹಾಪುರದಲ್ಲಿ ಇಳಿದು ಒಂದು ಪ್ಲೇಟು ಸುಸಲಾ ತಿಂದು, ಸುರಪುರದ ಬಸ್ಸು ಹಿಡಿದೆ. ಶ್ರಾವಣದ ಭಾನುವಾರ. ಮೋಡವಿತ್ತು, ಮಳೆ ಇರಲಿಲ್ಲ. ನಾನು ಚಿಕ್ಕವಳಿದ್ದಾಗ ಈ ರಸ್ತೆಯ ಎರಡೂ ಬದಿಗೆ ಜೋಳ, ಸಜ್ಜೆ, ತೊಗರಿ. ಕಾಲುವೆಗೆ ನೀರು ಬಂದು ಏಳೆಂಟು ವರ್ಷವಾಗಿತ್ತು, ಈಗ ಕಣ್ಣು ಹಾಯುವ ತನಕ ಭತ್ತದ ಗದ್ದೆ. ಕಂಡಕ್ಟರ್ ನನ್ನನ್ನು ಒಂದು ಬೇವಿನ ಗಿಡದ ಹತ್ತಿರ ಇಳಿಸಿದ. ಅಲ್ಲಿಂದ ಚಿಗವ್ವನ ಊರಿಗೆ, ನನ್ನ ಅವ್ವನ ತವರಿಗೆ, ಅರ್ಧ ತಾಸಿನ ನಡಿಗೆ.

ಗವಿಯಪ್ಪನ ಗುಡ್ಡಕ್ಕೆ ಎರಡು ಹಾದಿ. ಮುಂದಿನದು ಸಿಮೆಂಟಿನ ಮೆಟ್ಟಿಲು, ಕೈಗೆ ಕಂಬಿ, ಕೆಳಗೆ ಕಾಯಿ ಅಂಗಡಿ. ಹಿಂದಿನದು ನಮ್ಮವರ ಕೇರಿಯಿಂದ ಹೋಗುವುದು. ಚಿಗವ್ವ ಸಣ್ಣವಳಿದ್ದಾಗ ನಮ್ಮವರು ಮುಂದಿನ ಕಡೆಯಿಂದ ಹತ್ತುವ ಹಾಗಿರಲಿಲ್ಲ. ಹಿಂದಿನಿಂದ ಹತ್ತಿ, ದೇವರಿರುವ ಗವಿಯ ಕೆಳಗಿನ ಬಂಡೆಯ ಹತ್ತಿರ ನಿಲ್ಲಬೇಕು. ಪೂಜಾರಿ ಮೇಲಿನಿಂದಲೇ ಕೊಬ್ಬರಿ ಚೂರು ಒಗೆಯುತ್ತಿದ್ದ. ಈಗ ಯಾರೂ ಯಾರನ್ನೂ ತಡೆಯುವುದಿಲ್ಲ ಎನ್ನುತ್ತಾರೆ. ಆದರೆ ಕೇರಿಯ ಹೆಂಗಸರು ಹೋದ ವರ್ಷದ ತನಕವೂ ಶ್ರಾವಣದ ಸೋಮವಾರ ನಸುಕಿನಲ್ಲಿ ಹಿಂದಿನ ಹಾದಿಯಲ್ಲೇ ಹತ್ತಿ, ಇಳಿದು, ನಾಟಿ ಕೆಲಸಕ್ಕೆ ಹೋಗುತ್ತಿದ್ದರು.

ಆ ಹಾದಿಯನ್ನು ಕಾಲುವೆ ಕಡಿದು ಹೋಯಿತು. ಸೇತುವೆ ಕಟ್ಟಿದ್ದು ಮುಂದಿನ ರಸ್ತೆಗೆ, ಮೂರು ಕಿಲೋಮೀಟರ್ ದೂರ. ಸುತ್ತಿ ಹೋಗಿ ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಹಾಗಾಗಿ ಹೆಂಗಸರು ಸೀರೆ ಎತ್ತಿಕಟ್ಟಿ, ಕೈ ಕೈ ಹಿಡಿದು ನೀರಿಗೇ ಇಳಿಯುತ್ತಿದ್ದರು. ಹೋದ ಶ್ರಾವಣದಲ್ಲಿ ಚಿಗವ್ವನ ನೆರೆಮನೆಯ ಸಾಬವ್ವ ಹೀಗೇ ಇಳಿದವಳು ಜಾರಿದಳು. ಕಾಲುವೆಯ ಒಳಬದಿಗೆ ಹಾಸಿದ ಪರ್ಸಿಕಲ್ಲಿಗೆ ಪಾಚಿ ಹಿಡಿದಿತ್ತು. ಹಿಡಿದುಕೊಳ್ಳಲು ಏನೂ ಇಲ್ಲ. ಎರಡು ಊರು ಆಚೆ ಕಾಲುವೆಯ ಗೇಟಿನ ಹತ್ತಿರ ಹೆಣವಾಗಿ ಸಿಕ್ಕಳು. ಆಮೇಲೆ ನಾವು ಅರ್ಜಿ ಕೊಟ್ಟೆವು. ಆಮೇಲೆ ಈ ಕಾಗದ ಬಂತು.

ಹಾದಿ ಇಲ್ಲವೆಂದರೆ ನಡೆದು ನೋಡುತ್ತೇನೆ, ಒಂದೊಂದು ಗುರುತನ್ನೂ ಬರೆದು ಕಳಿಸುತ್ತೇನೆ ಎಂದು ನಾನು ಹೊರಟಿದ್ದೆ. ದೇವರಿಗಾಗಿ ಅಲ್ಲ. ನಮ್ಮಪ್ಪ ಬೌದ್ಧ ಧರ್ಮ ಸ್ವೀಕರಿಸಿದವನು. ನಮ್ಮ ಮನೆಯಲ್ಲಿ ಹರಕೆ, ಕಾಯಿ ಇವೇನೂ ಇಲ್ಲ. ಚಿಗವ್ವನದು ಬೇರೆ ದಾರಿ. ಅವಳು ಬಾಗಿಲಲ್ಲೇ ಸಿದ್ಧಳಾಗಿ ನಿಂತಿದ್ದಳು, ಸೆರಗಿನಲ್ಲಿ ಏನೋ ಕಟ್ಟಿಕೊಂಡು.

“ಚಾ ಕುಡಿ, ಜಲ್ದಿ ಹೋಗೂಣು. ಬಿಸಲ ಬಿದ್ರ ಬಂಡಿಗಲ್ಲು ಸುಡತಾವು,” ಎಂದಳು.

“ನಿನಗ ಮೊಣಕಾಲ ನೋವು ಐತಿ ಚಿಗವ್ವ. ನಾ ಒಬ್ಬಾಕಿನ ಹೋಗಿಬರ್ತೀನಿ.”

“ನಿನಗೇನ್ ಹಾದಿ ಗೊತ್ತೈತಿ? ಸುಮ್ಮಕ ನಡಿ.”

ಕಾಲುವೆ ತುಂಬಿ ಹರಿಯುತ್ತಿತ್ತು. ಸಾಬವ್ವ ಇಳಿದ ಜಾಗದಲ್ಲಿ ಚಿಗವ್ವ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ದಂಡೆಯ ಮೇಲೆ ಮೂರು ಕಿಲೋಮೀಟರ್ ನಡೆದು ಸೇತುವೆ ದಾಟಿದೆವು. ಅಲ್ಲಿ ಚಹಾದಂಗಡಿಯವನು ಕರೆದ: “ಅಮ್ಮಾ, ಮೆಟ್ಟಿಲಾ ಇಲ್ಲೇ ಅದಾವಲ್ಲ, ಮತ್ತೆಲ್ಲಿಗಿ ಹೊಂಟ್ರಿ?” ಚಿಗವ್ವ ಕೈ ಬೀಸಿ ಮುಂದೆ ನಡೆದಳು. ಆಚೆ ದಂಡೆಯ ಮೇಲೆ ಮತ್ತೆ ಮೂರು ಕಿಲೋಮೀಟರ್ ಹಿಂದಕ್ಕೆ. ಚಿಗವ್ವನ ಊರು ಕಾಲುವೆಯಾಚೆ ಒಂದು ಕೂಗಳತೆಯಲ್ಲಿ ಕಂಡಾಗ ಒಂದೂಮುಕ್ಕಾಲು ತಾಸು ಕಳೆದಿತ್ತು. ಚಿಗವ್ವನ ಮನೆಯ ತಗಡು ಕಾಣುತ್ತಿತ್ತು. ಕಾಲುವೆಯ ನಕ್ಷೆ ಬರೆದವನು ಒಂದು ಸಲ ಇಲ್ಲಿ ಬಂದು ನಿಂತಿದ್ದರೆ ಸಾಕಿತ್ತು. ಅವನು ಬರಲಿಲ್ಲ, ಇಲ್ಲವೇ ಬಂದು ನೋಡಿ, ನೋಡಿದ್ದನ್ನು ಬರೆಯಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ನನಗೆ ಇನ್ನೂ ತಿಳಿದಿಲ್ಲ.

ಹಾದಿ ಇತ್ತು. ಕುರುಡರಿಗೂ ಪಾದಕ್ಕೆ ಸಿಗುವಷ್ಟು ಸ್ಪಷ್ಟವಾಗಿ ಇತ್ತು. ಜಾಲಿ ಮತ್ತು ಸೀತಾಫಲದ ಗಿಡಗಳ ನಡುವೆ ಸವೆದ ಕೆಂಪು ಮಣ್ಣು, ಆಮೇಲೆ ದೊಡ್ಡ ದೊಡ್ಡ ಗುಂಡುಕಲ್ಲುಗಳ ಸಂದಿ, ಸಂದಿಯಲ್ಲಿ ಕೈ ಊರಿ ಊರಿ ನುಣುಪಾದ ಕಲ್ಲು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಕ್ಕಾಲು ತಾಸಿಗೆ ಮಳೆನೀರು ನಿಲ್ಲುವ ಒಂದು ದೊಣೆ ಸಿಕ್ಕಿತು. ಕುಳಿತು ರೊಟ್ಟಿ ತಿಂದೆವು. ಚಿಗವ್ವ ದೊಣೆಯ ನೀರನ್ನೇ ಬೊಗಸೆಯಲ್ಲಿ ಕುಡಿದಳು.

ದೊಣೆಯ ಮೇಲೆ ಒಂದು ಕಡಿದಾದ ಬಂಡೆ. ಅದರಲ್ಲಿ ಪಾವಟಿಗೆಗಳನ್ನು ಕಡಿದಿದ್ದರು. ಅರ್ಧ ಪಾದ ಹಿಡಿಸುವಷ್ಟು ಅಗಲ, ಸಮವಿಲ್ಲ, ಒಂದು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ.

“ಇವು ಯಾರು ಕಡದಾರ ಗೊತ್ತೇನ?” ಚಿಗವ್ವ ಕೇಳಿದಳು.

“ಯಾರು?”

“ನಮ್ಮಪ್ಪ. ನಿಮ್ಮವ್ವನ ಅಪ್ಪ. ವಡ್ಡರ ಮನಿಯಿಂದ ಉಳಿ ಇಸಗೊಂಡ ಬಂದು ಒಂದ ಬ್ಯಾಸಗಿ ಪೂರಾ ಕಡದ. ಅವ್ವ ಬಸರಿದ್ಲು, ನಿಮ್ಮವ್ವ ಹೊಟ್ಟ್ಯಾಗ. ಆಕಿ ಇಲ್ಲಿ ಜಾರಿ ಬಿದ್ದಿದ್ಲು. ಇಪ್ಪತ್ತೆರಡು ಅದಾವ, ಎಣಿಸು.”

ನನಗೆ ಇದು ಗೊತ್ತಿರಲಿಲ್ಲ. ನನ್ನ ತಾಯಿ ಹೇಳಿರಲಿಲ್ಲ. ಎಣಿಸಿದೆ, ಇಪ್ಪತ್ತೆರಡೇ ಇದ್ದವು. ಹದಿನೈದನೆಯದರಲ್ಲಿ ಚಿಗವ್ವ ಮೊಣಕಾಲು ಹಿಡಿದು ನಿಂತಳು. ನಾನು ಕೆಳಗಿನಿಂದ ಅವಳ ಬೆನ್ನಿಗೆ ಕೈ ಕೊಟ್ಟೆ. ನನ್ನಜ್ಜನ ಒಂದು ಬೇಸಿಗೆಯ ದುಡಿಮೆಯನ್ನು ಯಾವನೋ ಒಬ್ಬ ಕುರ್ಚಿಯ ಮೇಲೆ ಕುಳಿತು ‘ಇರುವುದಿಲ್ಲ’ ಎಂದು ಬರೆದಿದ್ದ.

ಬಂಡೆ ಹತ್ತಿದರೆ ಎದುರಿಗೆ ಗೋಡೆ. ಹೊಸದು. ಸೊಂಟದ ಎತ್ತರ ಆಗಿತ್ತು, ಗಾರೆ ಇನ್ನೂ ಹಸಿ. ಒಬ್ಬ ಗೌಂಡಿ ಕಲ್ಲು ಕೂಡಿಸುತ್ತಿದ್ದ, ಅವನ ಹೆಂಡತಿ ಬುಟ್ಟಿಯಲ್ಲಿ ಗಾರೆ ತಂದು ಕೊಡುತ್ತಿದ್ದಳು. ನಮ್ಮನ್ನು ಕಂಡು ಇಬ್ಬರೂ ಬೆಚ್ಚಿದರು.

“ಈ ಕಡಿಂದ ಯಾರೂ ಬರಂಗಿಲ್ಲ ಅಂದಿದ್ರಲ್ರಿ ಗುಡಿ ಕಮಿಟಿಯವರು,” ಎಂದ ಗೌಂಡಿ.

“ನಾವು ಬಂದೀವಲ್ಲ,” ಎಂದಳು ಚಿಗವ್ವ.

ಗೌಂಡಿಯ ಹೆಂಡತಿ ಬುಟ್ಟಿ ಇಳಿಸಿ ಕೈ ಚಾಚಿದಳು. ಚಿಗವ್ವ ಗೋಡೆ ದಾಟಿದಳು. ನಾನೂ ದಾಟಿದೆ. ಅವಳು ನೇರ ಗವಿಗೆ ಹೋದಳು. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದಾಗ ಗುಡಿಯ ಗುಮಾಸ್ತ ಬಂದ. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಮೂವತ್ತರ ಆಸುಪಾಸು. ಒಳಗಿನಿಂದ ಕಾಯಿ ಒಡೆದ ಸದ್ದು ಕೇಳಿಸಿತು. ಚಿಗವ್ವ ಹೊರಗೆ ಬಂದಾಗ ಅವನು ಮಾತು ತೆಗೆದ.

“ಯಾವ ಕಡಿಂದ ಬಂದ್ರಿ?”

“ಹಿಂದಿನ ಹಾದೀಲೆ,” ಎಂದೆ.

“ಅಲ್ಲಿ ಹಾದಿ ಎಲ್ಲೈತ್ರಿ? ಕುರಿ ಬರೂ ಜಾಗ ಅದು. ಅದಕ್ಕಂತನ ಗೋಡಿ ಕಟ್ಟಸಾಕತ್ತೀವಿ. ಮುಂದ ಮೆಟ್ಟಿಲಾ ಅದಾವಲ್ಲ. ಈಗ ನಿಮ್ಮವ್ರಿಗೂ ಬಿಟ್ಟೀವಿ. ಯಾರರ ಬ್ಯಾಡಂತಾರೇನು?”

ನಾನು ಶಾಲೆಯಲ್ಲಿ ಹತ್ತು ವರ್ಷದಿಂದ ಮಕ್ಕಳಿಗೆ ಮೆತ್ತಗೆ ಮಾತಾಡಿ ಎಂದು ಹೇಳಿಕೊಡುವವಳು. ಆ ‘ಬಿಟ್ಟೀವಿ’ ಕೇಳಿ ಎದ್ದು ನಿಂತೆ.

“ಬಿಡಾಕ ನೀವು ಯಾರ್ರಿ? ಮೆಟ್ಟಿಲಾ ನಿಮ್ಮಪ್ಪ ಕಟ್ಟಿಸ್ಯಾನೇನು? ಕೆಳಗ ಬಂಡಿ ಮ್ಯಾಗ ಇಪ್ಪತ್ತೆರಡು ಪಾವಟಿಗಿ ಅದಾವ, ನಮ್ಮಜ್ಜ ಕಡದಾನ. ಕುರಿ ಕಡದಾವೇನು? ಹೋದ ವರ್ಷ ಈ ಹಾದಿಗಿ ಬರಾಕ ಹೋಗಿ ಒಬ್ಬಾಕಿ ಕಾಲುವ್ಯಾಗ ಸತ್ತಾಳ. ಆಕಿ ಕುರಿಯೇನು?”

ಗೌಂಡಿ ಕೆಲಸ ನಿಲ್ಲಿಸಿ ನೋಡುತ್ತಿದ್ದ. ಗುಮಾಸ್ತ ಸಿಟ್ಟಾಗಲಿಲ್ಲ. ನಕ್ಕ. ನನ್ನ ನೋಟ್‌ಬುಕ್ಕು ನೋಡಿದ, ನನ್ನ ಕೈಗಡಿಯಾರ ನೋಡಿದ.

“ಅಕ್ಕೋರಿದ್ದಂಗ ಕಾಣತೀರಿ. ಯಾವ ಸಾಲಿ?”

ನಿಜ ಹೇಳಬೇಕು. ನಾನು ಹೆದರಿದೆ. ವರ್ಗಾವಣೆ ಎಂದರೆ ಏನೆಂದು ನನಗೆ ಗೊತ್ತು. ಯಾರು ಯಾರಿಗೆ ಒಂದು ಮಾತು ಹೇಳಿದರೆ ಯಾವ ಊರಿಗೆ ಹೋಗಿ ಬೀಳಬೇಕಾಗುತ್ತದೆಂದು ನೋಡಿದ್ದೇನೆ. ಈಗ ತಾನೇ ಕೂಗಾಡಿದ ಬಾಯಿಗೆ ನನ್ನ ಶಾಲೆಯ ಹೆಸರೇ ಬರಲಿಲ್ಲ. ಆ ಮನುಷ್ಯನ ಮೇಲಿನ ಸಿಟ್ಟಿಗಿಂತ ನನ್ನ ಮೇಲೆ ನನಗೆ ಬಂದ ಸಿಟ್ಟು ದೊಡ್ಡದಾಗಿತ್ತು.

“ಕೇಳ್ಯಾನಲ್ಲ, ಹೇಳು,” ಎಂದಳು ಚಿಗವ್ವ. “ನಾವೇನ್ ಕಳುವು ಮಾಡಾಕ ಬಂದೀವೇನು?”

ಹೇಳಿದೆ. ಅವನು ಕಟ್ಟೆಯ ಪಕ್ಕದ ಮೇಜಿನ ಮೇಲಿನ ದೊಡ್ಡ ಪುಸ್ತಕ ತಿರುಗಿಸಿ ನನ್ನ ಕಡೆ ದೂಡಿದ. ಬಂದು ಹೋದವರು ಹೆಸರು ಬರೆಯುವ ಪುಸ್ತಕ. “ಬರೋಬ್ಬರಿ ಬರೀರಿ. ಹೆಸರು, ಊರು, ಸಾಲಿ, ಎಲ್ಲಾ.” ನನ್ನನ್ನು ಕಟ್ಟಿಹಾಕಲು ಅವನಿಗೆ ಅದು ಬರಹದಲ್ಲಿ ಬೇಕಾಗಿತ್ತು.

ನಾನು ಪೆನ್ನು ತೆಗೆದುಕೊಂಡೆ. ಕರಿಹಲಗೆಯ ಮೇಲೆ ಬರೆದ ಹಾಗೆ ದುಂಡಗೆ ಬರೆದೆ. ನನ್ನ ಹೆಸರು, ಚಿಗವ್ವನ ಹೆಸರು, ಊರು, ಶಾಲೆ. ಕೆಳಗೆ: ‘ಗುಡ್ಡದ ಹಿಂದಿನ ಹಾದಿಯಿಂದ, ದೊಣೆಯ ಮೇಲಿನ ಇಪ್ಪತ್ತೆರಡು ಪಾವಟಿಗೆ ಹತ್ತಿ ಬಂದೆವು.’ ತಾರೀಖು, ವೇಳೆ. ಠಸ್ಸೆಗೆ ಇಟ್ಟಿದ್ದ ಮಸಿಯ ಡಬ್ಬಿಯಲ್ಲಿ ಚಿಗವ್ವ ಹೆಬ್ಬೆಟ್ಟು ಅದ್ದಿ ತನ್ನ ಹೆಸರಿನ ಮುಂದೆ ಒತ್ತಿದಳು. ಹಾದಿಗೆ ದಾಖಲೆ ಇಲ್ಲವೆಂದವರ ಮುಂದೆ ಇಡಲು, ಗುಡಿಯ ಪುಸ್ತಕದಲ್ಲೇ ಒಂದು ದಾಖಲೆಯಾಯಿತು ಎಂದುಕೊಂಡೆ.

ಗುಮಾಸ್ತ ಓದಿದ. ಎರಡನೆಯ ಸಲ ಓದಿದ. ಆಮೇಲೆ ಅಂಗೈ ಅಗಲ ಮಾಡಿ ಪುಸ್ತಕ ಒತ್ತಿಹಿಡಿದು, ಆ ಹಾಳೆಯನ್ನು ಹೊಲಿಗೆಯ ಗುಂಟ ಸಾವಕಾಶವಾಗಿ ಹರಿದು, ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡ.

“ಇದು ಗುಡಿ ಪುಸ್ತಕ. ಅರ್ಜಿ ಬರಿಯೂದಲ್ಲ,” ಎಂದ.

ನಾನು ಅವನ ಕಡೆ ಹೋದೆ. ಏನು ಮಾಡಬೇಕೆಂದು ಹೋದೆನೋ ತಿಳಿಯದು. ಚಿಗವ್ವ ನನ್ನ ರಟ್ಟೆ ಹಿಡಿದು ಗೋಡೆಯ ಕಡೆ ಎಳೆದುಕೊಂಡು ಹೋದಳು. ಗೌಂಡಿ ತಲೆ ಎತ್ತಲಿಲ್ಲ. ಅವನ ಹೆಂಡತಿ ಮತ್ತೆ ಕೈ ಕೊಟ್ಟಳು.

ಇಳಿಯುವಾಗ ನಾನು ಚಿಗವ್ವನ ಮೇಲೆ ಹರಿಹಾಯ್ದೆ. “ಇಂಥವರ ಗುಡಿಗಿ ಕಾಯಿ ಒಡೀತಿ ನೀನು. ಮ್ಯಾಲಿಂದ ಕೊಬ್ಬರಿ ಒಗೀತಿದ್ರಂತ, ಆಯ್ಕೊಂಡ ತಿಂತಿದ್ರಂತ. ನಾಚಿಕಿ ಇಲ್ಲ ನಿಮಗ.”

ಚಿಗವ್ವ ಪಾವಟಿಗೆಯ ಮೇಲೆ ಹಿಮ್ಮುಖವಾಗಿ ಇಳಿಯುತ್ತಿದ್ದವಳು ನಿಂತಳು. ಅವಳ ಮುಖ ಹಾಗೆ ಆದದ್ದನ್ನು ನಾನು ಎಂದೂ ನೋಡಿರಲಿಲ್ಲ.

“ಆ ಕಾಯಿ ನಂದಲ್ಲ. ಸಾಬವ್ವಂದು. ಮಗಳ ಬಾಣಂತನ ಸುಸೂತ್ರ ಆಗ್ಲಿ ಅಂತ ಬೇಡ್ಕೊಂಡು ಹೊಂಟಿದ್ಲು ಆಕಿ. ಮಗಳು ಹಡದಾಳ, ಚೊಲೋ ಅದಾಳ. ಕಾಯಿ ಒಡ್ಯಾಕ ಆಕಿ ಇಲ್ಲ. ನಾ ನಿನ್ನ ಕಾಗದಕ್ಕ ಬಂದೀನೇನು? ನಿನಗ ಸಿಟ್ಟ ಐತಿ ಅಂತ ನನಗ ಇಲ್ಲಂತ ತಿಳಕೊಂಡಿ? ಆಕಿ ಕೈ ನನ್ನ ಕೈಯಾಗ ಇತ್ತು. ಕೊಸರಕೊಂಡ ಹೋತು.”

ದೊಣೆಯ ತನಕ ಇಳಿದೆವು. ಅಲ್ಲಿ ಕುಳಿತು ನಾನು ಅತ್ತೆ. ಅವಳು ಅಳಲಿಲ್ಲ. ಬಾಟಲಿಗೆ ನೀರು ತುಂಬಿ ನನ್ನ ಕೈಗೆ ಕೊಟ್ಟು, “ಮೋತಿ ತೊಳಕೊ,” ಎಂದಳು.

ಮತ್ತೆ ಅದೇ ಆರು ಕಿಲೋಮೀಟರ್ ಸುತ್ತು. ಮೋಡ ಸರಿದು ಬಿಸಿಲು ಬಿದ್ದಿತ್ತು. ಚಿಗವ್ವ ಎರಡು ಕಡೆ ಕುಳಿತಳು. ಊರ ದಂಡೆಗೆ ಬಂದಾಗ ಮಧ್ಯಾಹ್ನ ಮೂರೂವರೆ ಗಂಟೆ. ಕಾಲುವೆಯ ಕೆಳಗಿನ ಗದ್ದೆಯಲ್ಲಿ ಓಣಿಯ ಹೆಂಗಸರು ನಾಟಿ ಹಚ್ಚುತ್ತಿದ್ದರು. ನಮ್ಮನ್ನು ನೋಡಿ ಸೊಂಟ ನೆಟ್ಟಗೆ ಮಾಡಿ ಬದುವಿಗೆ ಬಂದರು. ನಾನು ಎಲ್ಲ ಹೇಳಿದೆ: ಗೋಡೆ, ಪುಸ್ತಕ, ಹೆಬ್ಬೆಟ್ಟು, ಹರಿದ ಹಾಳೆ. ಹೇಳುತ್ತಿದ್ದಂತೆ ನನಗೆ ಸೋತವಳ ಧ್ವನಿ ಬಂತು.

ಭೀಮವ್ವ ಎಂಬವಳು, ಅರ್ಜಿಗೆ ಮೊದಲ ಹೆಬ್ಬೆಟ್ಟು ಒತ್ತಿದವಳು, ಮೊಣಕೈ ತನಕ ಕೆಸರಾದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಕೇಳಿದಳು:

“ಆ ಪುಸ್ತಕದಾಗ ಎಷ್ಟ ಹಾಳಿ ಅದಾವ್ರಿ ಅಕ್ಕೋರ?”

“ನೂರರ ಇರಬೇಕು. ಯಾಕ?”

“ನಾಳಿ ಸೋಮವಾರ. ಕೆಲಸಕ್ಕ ಹೋಗೂದಿಲ್ಲ, ಎಲ್ಲಾರೂ ಸುತ್ತಿ ಹೋಗ್ತೀವಿ. ಹಿಂದಿನ ಹಾದೀಲೆನ ಹತ್ತತೀವಿ, ಒಬ್ಬೊಬ್ಬಾಕಿ ಒಂದೊಂದು ಹಾಳಿಗಿ ಹೆಬ್ಬಟ್ಟ ಒತ್ತತೀವಿ. ಹರೀಲಿ ಅವ. ಎಷ್ಟ ಹರೀತಾನ ನೋಡತೀವಿ.”

ಮರುದಿನ ನನಗೆ ಶಾಲೆ ಇತ್ತು. ರಜೆಯ ಚೀಟಿ ಬರೆದು, ಸಂಜೆಯ ಬಸ್ಸಿಗೆ ಹೊರಟಿದ್ದ ಊರಿನವರೊಬ್ಬರ ಕೈಯಲ್ಲಿ ಕೊಟ್ಟು, ಚಿಗವ್ವನ ಮನೆಯಲ್ಲೇ ಉಳಿದೆ. ಕಾರಣ ಎಂಬ ಜಾಗದಲ್ಲಿ ‘ಗುಡ್ಡಕ್ಕೆ ಹೋಗುವುದಿದೆ’ ಎಂದು ಬರೆದೆ.