ಪುಟ್ಟತಾಯಮ್ಮನ ಎಡಗಣ್ಣು ಮತ್ತು ಆಕಾಶದ ಬೆಳ್ಳುಳ್ಳಿ

ನನ್ನ ಕತ್ತು ಮೇಲಕ್ಕೆ ಏಳುವುದಿಲ್ಲ. ಕೆಳಕ್ಕೆ ಬೇಕಾದಷ್ಟು ಬಗ್ಗುತ್ತದೆ. ಎಡಬಲಕ್ಕೆ, ಅದರಲ್ಲೂ ಪಕ್ಕದ ಮನೆಯಲ್ಲಿ ಮಾತು ಕೊಂಚ ಏರಿತೆಂದರೆ, ವಯಸ್ಸನ್ನೂ ಮರೆತು ಹೊರಳುತ್ತದೆ. ಮೇಲಕ್ಕೆತ್ತೋಣವೆಂದರೆ ಮಾತ್ರ ಹಿಂಭಾಗದಲ್ಲೆಲ್ಲೋ ಎಣ್ಣೆ ಕಾಣದ ಕದದ ಸದ್ದೊಂದು ಹೊರಟು ಅಲ್ಲಿಗೇ ನಿಂತುಬಿಡುತ್ತದೆ. ಇದಕ್ಕೆಲ್ಲ ದಿಂಬೇ ಕಾರಣವೆಂದು ನಾನು ಬಹುಕಾಲದಿಂದ ಸಾಧಿಸಿಕೊಂಡು ಬಂದವನು. ಬೂರುಗದ ಹತ್ತಿಯದು, ಸ್ಪಂಜಿನದು, ಕಡೆಗೆ ಮಡಿಸಿದ ಹಳೇ ಪಂಚೆ, ಹೀಗೆ ಹಲವು ಅವತಾರಗಳಲ್ಲಿ ದಿಂಬನ್ನು ಬದಲಿಸಿದ್ದಾಯಿತು. ನನ್ನಾಕೆಯ ಸಿದ್ಧಾಂತ ಬೇರೆ: ಮೂರು ದಶಕ ಉತ್ತರಪತ್ರಿಕೆಗಳ ಮೇಲೆ ಬಾಗಿದ ಕತ್ತಿಗೆ ಮೇಲೆ ಇನ್ನೊಂದು ದಿಕ್ಕಿದೆಯೆಂಬುದೇ ಮರೆತುಹೋಗಿದೆಯಂತೆ.

ಆಕೆಯ ಮಾತಿನಲ್ಲಿ ಸತ್ಯಾಂಶವಿದೆ ಎಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ, ಏಕೆಂದರೆ ನಾನು ಪಾಠ ಹೇಳಿದ್ದು ವಿಜ್ಞಾನ, ಅದರಲ್ಲೂ ಪ್ರೀತಿಯಿಂದ ಹೇಳಿದ್ದು ಖಗೋಳ. ಶ್ರೀರಂಗಪಟ್ಟಣದಲ್ಲಿ ಶುರುವಾದ ನನ್ನ ನೌಕರಿ ಕೆ.ಆರ್.ಪೇಟೆ, ನಾಗಮಂಗಲಗಳನ್ನು ಸುತ್ತಿ ಪಾಂಡವಪುರದಲ್ಲಿ ಅಸ್ತಂಗತವಾಯಿತು; ಗ್ರಹಗಳಂತೆ ನಾನೂ ನಿಯಮಿತ ಕಕ್ಷೆಯಲ್ಲೇ ಸುತ್ತಿದವನು. ನಾಲ್ಕೂ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಒಂದು ಕಿತ್ತಳೆಹಣ್ಣು ಮತ್ತು ಒಂದು ಟಾರ್ಚು ಹಿಡಿದು, ನೆಲಕ್ಕೆ ಸೂರ್ಯಾಸ್ತವಾದ ಮೇಲೂ ಬಹಳ ಎತ್ತರದಲ್ಲಿರುವ ವಸ್ತುವಿನ ಮೇಲೆ ಬಿಸಿಲು ಬೀಳುತ್ತಲೇ ಇರುತ್ತದೆ ಎಂಬುದನ್ನು ತೋರಿಸಿ, ಪಾಠ ಮುಗಿದ ಮೇಲೆ ಆ ಕಿತ್ತಳೆಯನ್ನು ಸ್ಟಾಫ್ ರೂಮಿನಲ್ಲಿ ಸುಲಿದು ತಿಂದಿದ್ದೇನೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಅದನ್ನೇ ಕೇಳಿದ್ದೇನೆ. ತಲೆಯೆತ್ತಿ ಆಕಾಶ ನೋಡಿದ್ದು ಎಷ್ಟು ಸಲ ಎಂದು ನೀವು ಕೇಳಬಾರದು.

ನಿವೃತ್ತನಾದ ಮೇಲೆ ಕ್ಯಾತನಹಳ್ಳಿಗೆ ಬಂದು ನೆಲೆಸಿದೆ. ಊರ ಹೊರಗೆ ನಿಂಗೇಗೌಡರ ಆಲೆಮನೆ. ಮಧ್ಯಾಹ್ನ ಇಳಿಹೊತ್ತಾಗುತ್ತಲೇ ನನ್ನ ಕಾಲು ಅತ್ತ ತಿರುಗುತ್ತದೆ. ಕಬ್ಬಿನ ಹಾಲು ಬೆಲ್ಲವಾಗುವ ರಾಸಾಯನಿಕ ಕ್ರಿಯೆಯ ಅವಲೋಕನಾರ್ಥ ಎಂದು ನಾನು ಹೇಳಿಕೊಳ್ಳುವುದುಂಟು. ವಾಸ್ತವದಲ್ಲಿ, ಅಚ್ಚಿಗೆ ಸುರಿದು ಉಳಿದ ಬಿಸಿ ಪಾಕವನ್ನು ಮುತ್ತುಗದೆಲೆಯ ಮೇಲೆ ಒಂದಿಷ್ಟು ಹಾಕಿ ಕೊಡುತ್ತಾರೆ, ಅದರ ಅವಲೋಕನಾರ್ಥ.

ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವರು, ಒಲೆಗೆ ಸಿಪ್ಪೆ ತುಂಬುವವರು, ಅಚ್ಚು ತೊಳೆಯುವವರು ಎಷ್ಟೇ ಮಂದಿ ಇದ್ದರೂ ಯಜಮಾನಿಕೆ ಇರುವುದು ಹದ ನೋಡುವವರ ಕೈಯಲ್ಲಿ. ಕುದಿಯುವ ಕೊಪ್ಪರಿಗೆಯ ಮುಂದೆ ಮರದ ಹುಟ್ಟು ಹಿಡಿದು ನಿಂತು, ಗುಳ್ಳೆಯ ಗಾತ್ರ ಮತ್ತು ನೊರೆಯ ಬಣ್ಣ ನೋಡಿ, ಇಳಿಸಿ ಎನ್ನಬೇಕಾದ ಕ್ಷಣವನ್ನು ಹಿಡಿಯುವ ಕೆಲಸ ಅದು. ಆ ಕ್ಷಣ ತಪ್ಪಿದರೆ ಒಂದು ಗಾಡಿ ಕಬ್ಬಿನ ಶ್ರಮ ಸೀದು ಕಪ್ಪಗಾಗುತ್ತದೆ. ಸಾಮಾನ್ಯವಾಗಿ ಗಂಡಸರೇ ಮಾಡುವ ಈ ಕೆಲಸವನ್ನು ಇಲ್ಲಿ ಮಾಡುತ್ತಿದ್ದವರು ನಿಂಗೇಗೌಡರ ಅತ್ತಿಗೆ ಪುಟ್ಟತಾಯಮ್ಮ. ಮಾವನಿಂದ ಕಲಿತ ವಿದ್ಯೆ. ಸೊಸೆಯಾಗಿ ಬಂದವಳಿಗೆ ಮನೆಯ ಬೀಗದ ಕೈಯನ್ನು ಅತ್ತೆ ಕೊಡಲಿಲ್ಲವಂತೆ, ಹುಟ್ಟನ್ನು ಮಾವ ಕೊಟ್ಟರಂತೆ.

ಎರಡು ವರ್ಷದ ಹಿಂದೆ ಆಕೆಯ ಕಣ್ಣಿಗೆ ಪೊರೆ ಬಂತು. ಒಂದೆರಡು ಕೊಪ್ಪರಿಗೆ ಸೀದವು. ನಿಂಗೇಗೌಡರು ಕೆಟ್ಟವರಲ್ಲ, ಅತ್ತಿಗೆಯ ಕೈಯಿಂದ ಹುಟ್ಟನ್ನು ತಾವು ತೆಗೆದುಕೊಂಡು, ಅಚ್ಚು ಎಣಿಸುವ ಕೆಲಸ ಕೊಟ್ಟರು. ಆಕೆ ಎಣಿಸಲಿಲ್ಲ, ಮನೆಯಲ್ಲಿ ಕೂತರು. ಕಡೆಗೆ ಧೈರ್ಯ ಮಾಡಿ ಎಡಗಣ್ಣಿನ ಆಪರೇಷನ್ನು ಮಾಡಿಸಿಕೊಂಡು, ಹೊಗೆಗೆ ಹೋಗಬಾರದೆಂದು ಡಾಕ್ಟರು ಹೇಳಿದ ಅವಧಿಯನ್ನು ಬೆರಳು ಮಡಿಸಿ ಕಳೆದು, ಕಾರ್ತಿಕದ ಒಂದು ಸೋಮವಾರ ಬಂದು ಹುಟ್ಟು ಹಿಡಿದು ನಿಂತರು. ಅವತ್ತು ಆಕೆಯ ಮುಖ ನೋಡಬೇಕಿತ್ತು. ಈ ಪ್ರಬಂಧದಲ್ಲಿ ನಾನು ಮಾಡುವ ತಪ್ಪು ಎಷ್ಟು ದೊಡ್ಡದೆಂದು ತಿಳಿಯಲು ಆ ಮುಖ ನಿಮ್ಮ ನೆನಪಿನಲ್ಲಿರಬೇಕು.

ಇದಾಗಿ ವಾರ ಕಳೆದಿರಬಹುದು. ಮೂರನೇ ಕೊಪ್ಪರಿಗೆಗೆ ಕೊಳೆ ತೆಗೆಯುವ ಸುಣ್ಣದ ತಿಳಿ ಬಿಟ್ಟು, ಪುಟ್ಟತಾಯಮ್ಮ ಸೆರಗಿನಿಂದ ಬೆವರೊರೆಸಿಕೊಳ್ಳುತ್ತ ಅಂಗಳಕ್ಕೆ ಬಂದವರು ಹಾಗೇ ನಿಂತರು.

"ಮೇಷ್ಟ್ರೇ, ಅಗೋ, ಕುಂತಿಬೆಟ್ಟದ ಮ್ಯಾಲೆ ನೋಡಿ. ಸುಲಿದ ಬೆಳ್ಳುಳ್ಳಿ ಎಸಳು ನಿಂತಂಗೆ ನಿಂತದೆ, ಬುಡ ಮೇಲಾಗಿ. ಅಲ್ಲಾಡ್ತಾನೂ ಇಲ್ಲ."

ನೋಡಿದೆ. ನೋಡಿದೆ ಎನ್ನುವುದು ಶಿಷ್ಟಾಚಾರದ ಮಾತು. ಕತ್ತು ಎಷ್ಟು ಎದ್ದಿತೋ ಅಷ್ಟರಲ್ಲಿ ಕಂಡದ್ದು ತೆಂಗಿನ ಗರಿ, ಅದರಾಚೆ ಬಿಳಿಚಿಕೊಂಡ ಬೆಳಕು. ನಿಂಗೇಗೌಡರೂ ಹಣೆಗೆ ಕೈಯೊಡ್ಡಿ ನೋಡುವಷ್ಟರಲ್ಲಿ ಮೋಡದ ತುಂಡೊಂದು ಅಡ್ಡ ಬಂದಿತ್ತು. ಅಲ್ಲಿಗೆ ಸುಮ್ಮನಾಗಿದ್ದರೆ ನಾನು ಬುದ್ಧಿವಂತ. ಆದರೆ ಮೇಷ್ಟ್ರಾಗಿದ್ದವನಿಗೆ ಎದುರಿಗೆ ಇಬ್ಬರು ನಿಂತರೆ ಅದು ತರಗತಿಯೇ. ಹೊಸ ಮಸೂರ ಹಾಕಿಸಿಕೊಂಡ ಕಣ್ಣಿನೊಳಗೆ ಬೆಳಕು ಹೇಗೆ ಚದುರುತ್ತದೆ, ಅದರಿಂದ ಇಲ್ಲದ ಬಿಂದುಗಳು ಹೇಗೆ ಇದ್ದಂತೆ ಭಾಸವಾಗುತ್ತವೆ, ಮನಸ್ಸು ಅವಕ್ಕೆ ಹೇಗೆ ಬೆಳ್ಳುಳ್ಳಿಯ ಆಕಾರ ಕೊಡುತ್ತದೆ ಎಂಬುದನ್ನು ನಾನು ಸವಿಸ್ತಾರವಾಗಿ, ಅಡೆತಡೆಯಿಲ್ಲದೆ, ಕಿತ್ತಳೆಹಣ್ಣಿನ ನೆರವೂ ಇಲ್ಲದೆ ವಿವರಿಸಿದೆ.

ಪುಟ್ಟತಾಯಮ್ಮ ಪೂರ್ತಿ ಕೇಳಿಸಿಕೊಂಡರು. "ನಂಗೆ ಕಾಣ್ತದೆ ಅಂದ್ರೆ ಕಾಣ್ತದೆ, ಮೇಷ್ಟ್ರೇ" ಎಂದರು, ಅಷ್ಟೆ.

ನಿಂಗೇಗೌಡರು ಮಾತ್ರ ನನ್ನ ಪಾಠವನ್ನು ಶ್ರದ್ಧೆಯಿಂದ ಮನನ ಮಾಡಿಕೊಂಡಿದ್ದರು. ಕಡೇ ಕೊಪ್ಪರಿಗೆಗೆ ಹಾಲು ತುಂಬಿದಾಗ ಅತ್ತಿಗೆಯ ಮುಂದೆ ಕೈ ನೀಡಿ, "ಅತ್ತಿಗಮ್ಮ, ಇನ್ನೊಂದು ತಿಂಗ್ಳು ಸುದಾರಿಸ್ಕೊಳಿ. ಇಲ್ದಿದ್ದು ಕಾಣ್ತದೆ ಅಂತ ಮೇಷ್ಟ್ರೇ ಯೋಳ್ತಾವ್ರಲ್ಲ. ನಾನೇ ನೋಡ್ಕತೀನಿ ಬುಡಿ" ಎಂದರು. ಆಕೆ ಹುಟ್ಟನ್ನು ಕೊಟ್ಟು, ಒಣಗಿದ ಸಿಪ್ಪೆಯ ರಾಶಿಯ ಪಕ್ಕ ಹೋಗಿ ಕೂತರು. ಮನೆಗೆ ಹೋಗದೆ ಅಲ್ಲೇ ಕೂತದ್ದು ನನಗೆ ಇನ್ನಷ್ಟು ಕಷ್ಟವಾಯಿತು.

ಓದುಗರೇ, ಇಷ್ಟು ದೂರ ಜೊತೆಯಲ್ಲಿ ಬಂದಿದ್ದೀರಿ, ನಿಮಗೊಂದು ಗುಟ್ಟು ಹೇಳಬೇಕು. ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆಯೆಂದು ಡಾಕ್ಟರು ಹೇಳಿ ಆಗ ಒಂದು ವರ್ಷ ದಾಟಿತ್ತು. ಆ ಚೀಟಿಯನ್ನು ಮಡಿಸಿ, ಯಾರೂ ತೆರೆಯದ ನನ್ನ ಸರ್ವೀಸು ರಿಜಿಸ್ಟರಿನ ನಕಲಿನೊಳಗೆ ಇಟ್ಟಿದ್ದೆ. ಆಪರೇಷನ್ನೆಂದರೆ ನನಗೆ ಭಯ. ಮಕ್ಕಳಿಗೆ ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ಕಲಿಸಿದವನಿಗೆ, ಅದರಲ್ಲಿ ಎಲ್ಲಿ ಕತ್ತರಿ ಆಡಿಸುತ್ತಾರೆಂಬುದು ಸ್ಪಷ್ಟವಾಗಿ ಗೊತ್ತಿರುವುದರಿಂದ ಭಯವೂ ಶಾಸ್ತ್ರೋಕ್ತವಾಗಿಯೇ ಇತ್ತು. ಹೀಗೆ ಮಂಜು ಕವಿದ ಎರಡು ಕಣ್ಣುಗಳನ್ನು ಇಟ್ಟುಕೊಂಡು, ಧೈರ್ಯ ಮಾಡಿ ಬೆಳಕು ತಂದುಕೊಂಡ ಒಂದು ಕಣ್ಣಿನ ಮೇಲೆ ನಾನು ತೀರ್ಪು ಕೊಟ್ಟಿದ್ದೆ. ನಾಚಿಕೆಯಾಗುತ್ತದೆ.

ಸೂರ್ಯ ಮುಳುಗಿದ. ನೆಲವೆಲ್ಲ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ, ಮೋಡ ಸರಿದ ಆಕಾಶದಲ್ಲಿ ಆ ವಸ್ತು ಕಿತ್ತಳೆಯ ಕೆಂಪಿನಲ್ಲಿ ಉರಿಯತೊಡಗಿತು. ಈಗ ಅದು ನನಗೂ ಒಂದು ಕಲೆಯಾಗಿ ಕಂಡಿತು. ಫೋನುಗಳು ಬಡಿದುಕೊಂಡವು. ಅಕ್ಕಿಹೆಬ್ಬಾಳಿನ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗೆ ಕಾದಿದ್ದವರು ಹಾರುವ ತಟ್ಟೆಯೆಂದು ನಿರ್ಣಯಿಸಿದರಂತೆ. ನಾಗಮಂಗಲದ ಕಡೆಯವರು ಹೊಸ ನಕ್ಷತ್ರವೆಂದರಂತೆ. ಶ್ರೀರಂಗಪಟ್ಟಣದ ನನ್ನ ಷಡ್ಡಕ, ಅಣೆಕಟ್ಟೆಯ ಮೇಲೆ ಕಣ್ಣಿಟ್ಟ ಪರದೇಶದ ಯಂತ್ರವೆಂದೂ, ತಾನು ಆಗಲೇ ಬಾಗಿಲು ಹಾಕಿಕೊಂಡಿರುವುದಾಗಿಯೂ ತಿಳಿಸಿದ. ಎರಡು ಅಂಕದ ಪ್ರಶ್ನೆಯೊಂದು ನನ್ನ ತಲೆಯ ಮೇಲೆಯೇ ಉರಿಯುತ್ತಿತ್ತು. ಉತ್ತರ ನನಗೆ ಹೊಳೆಯಲಿಲ್ಲ.

ನಮ್ಮ ಆಲೆಮನೆಯ ನಿರ್ಣಯಕ್ಕೆ ಮಾತ್ರ ಬೇರೆಲ್ಲಿಯೂ ಸಾಟಿಯಿಲ್ಲ. ನಮ್ಮ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗೆ ಕೊಡುತ್ತೇನೆಂದು ಒಪ್ಪಿಕೊಂಡ ಕಬ್ಬು ದಾರಿ ತಪ್ಪಿ ಆಲೆಮನೆಯ ಅಂಗಳಕ್ಕೆ ಬಂದುಬಿಡುವುದುಂಟು. ಹಾಗೆ ಬಂದ ಎರಡು ಟ್ರಾಕ್ಟರು ಕಬ್ಬು ಅವತ್ತು ಅಲ್ಲಿ ನಿಂತಿತ್ತು. ನಿಂಗೇಗೌಡರು ಮೇಲೆ ನೋಡಿದರು, ಕಬ್ಬು ನೋಡಿದರು, ಮತ್ತೆ ಮೇಲೆ ನೋಡಿದರು.

"ಕೆಟ್ವಲ್ಲೋ! ಕಾರ್ಖಾನೆಯೋರು ಕ್ಯಾಮ್ರಾ ಬುಟ್ಟವ್ರೆ ಕಣ್ರಲಾ! ಮುಚ್ರಲಾ ಕಬ್ಬ!"

ಅಂತರಿಕ್ಷದ ಜೀವಿಗಳು ಬಂದಿದ್ದರೂ ಅಷ್ಟು ಗಡಿಬಿಡಿ ಆಗುತ್ತಿರಲಿಲ್ಲ. ಒಬ್ಬ ಟಾರ್ಪಾಲು ಎಳೆದ, ಇಬ್ಬರು ತೆಂಗಿನ ಗರಿ ಹೊದಿಸಿದರು, ಸಾಲದ್ದಕ್ಕೆ ಯಾರೋ ತಮ್ಮ ಹೊದೆಯುವ ಕಂಬಳಿಯನ್ನೇ ತಂದು ಹಾಸಿದರು. ನಾನೂ, ನಿವೃತ್ತ ವಿಜ್ಞಾನ ಶಿಕ್ಷಕ, ಟಾರ್ಪಾಲಿನ ಒಂದು ತುದಿ ಹಿಡಿದುಕೊಂಡಿದ್ದೆ. ಎಲ್ಲರ ಮುಖವೂ ಆಕಾಶದ ಕಡೆಗಿತ್ತು.

ಆಗ ಒಳಗಿನಿಂದ ಪುಟ್ಟತಾಯಮ್ಮನ ಕೂಗು ಕೇಳಿಸಿತು. "ಪಾಕ ಮೀರ್ತಾ ಅದೆ! ಬನ್ರಲಾ, ಇಳಿಸ್ರಲಾ!"

ಓಡಿದೆವು. ನಿಂಗೇಗೌಡರು ಬಿಟ್ಟುಬಂದಿದ್ದ ಹುಟ್ಟು ಆಕೆಯ ಕೈಯಲ್ಲಿತ್ತು. ಉಕ್ಕುವ ನೊರೆಯನ್ನು ಬಡಿದು ತಗ್ಗಿಸುತ್ತ, ಹೊಗೆಯಲ್ಲಿ ಎಡಗಣ್ಣನ್ನು ಅಗಲಿಸಿ ನಿಂತಿದ್ದರು. ನಾಲ್ಕು ಜನ ಕೊಪ್ಪರಿಗೆಯನ್ನು ಎತ್ತಿ ಸುರಿದರು. ಪಾಕ ಜೇನಿನ ಬಣ್ಣದಲ್ಲಿ ಹರಿಯಿತು, ಒಂದು ಎಳೆಯೂ ಕಪ್ಪಿರಲಿಲ್ಲ. ಮೈದುನ ಉಸಿರು ಬಿಟ್ಟು, "ಅತ್ತಿಗಮ್ಮ, ನೀವು ಮ್ಯಾಲೆ ನೋಡ್ನಿಲ್ವಾ?" ಎಂದು ಕೇಳಿದರು.

"ನಾನು ಮಧ್ಯಾನ್ನನೇ ನೋಡಿದ್ನಲ್ಲ" ಎಂದರು ಪುಟ್ಟತಾಯಮ್ಮ.

ನಿಂಗೇಗೌಡರು ಹುಟ್ಟಿಗೆ ಕೈ ಚಾಚಲಿಲ್ಲ, ಆ ಸಂಜೆಯೂ ಇಲ್ಲ, ಆಮೇಲೂ ಇಲ್ಲ. ನನಗೆ ಎಲೆಯ ಮೇಲೆ ಬಿಸಿ ಪಾಕ ಬಂತು. ಅವತ್ತು ಅದನ್ನು ತಿನ್ನುವ ಯೋಗ್ಯತೆ ನನಗಿರಲಿಲ್ಲ, ಆದರೂ ತಿಂದೆ.

ಎರಡು ದಿನ ಬಿಟ್ಟು ಸುದ್ದಿ ತಿಳಿಯಿತು. ಅದು ವಾಯುಮಂಡಲದ ಪರೀಕ್ಷೆಗೆಂದು ದೂರದ ಊರಿನಿಂದ ಹಾರಿಬಿಟ್ಟ ದೊಡ್ಡ ಬಲೂನು. ಅದರ ಉಪಕರಣದ ಪೆಟ್ಟಿಗೆ ಛತ್ರಿ ಬಿಚ್ಚಿಕೊಂಡು ಅಕ್ಕಿಹೆಬ್ಬಾಳಿನಾಚೆ ಹೇಮಾವತಿಯ ದಡದ ಗದ್ದೆಯಲ್ಲಿ ಇಳಿದಿತ್ತು, ಹೆದರಬೇಡಿ ಎಂಬ ಬರಹ ಅಂಟಿಸಿಕೊಂಡು. ಬಲೂನಿನವರ ಕಡೆಯ ಒಬ್ಬ ಯುವತಿ ಊರೂರು ತಿರುಗಿ ನಮ್ಮಲ್ಲಿಗೂ ಬಂದಳು. ಮಧ್ಯಾಹ್ನ ಕೆಲಹೊತ್ತು ಅದರ ಸಂಪರ್ಕ ತಪ್ಪಿತ್ತಂತೆ. ಆಗ ಅದು ಎಲ್ಲಿತ್ತೆಂದು ಕಂಡವರಿಂದ ತಿಳಿಯಬೇಕಿತ್ತು. ದಾರಿಯುದ್ದಕ್ಕೂ ಕೇಳಿದಳಂತೆ, ಎಲ್ಲರೂ ಕಂಡದ್ದು ಸಂಜೆಯ ಮೇಲೆ.

ಪುಟ್ಟತಾಯಮ್ಮ ಆಕೆಯನ್ನು ಅಂಗಳದಲ್ಲಿ ತಾವು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದರು. ಮೂರನೇ ಕೊಪ್ಪರಿಗೆಗೆ ಸುಣ್ಣ ಬಿಟ್ಟ ಹೊತ್ತು, ಕುಂತಿಬೆಟ್ಟದ ದೊಡ್ಡ ಬಂಡೆಯ ನೆತ್ತಿಯಿಂದ ನಾಲ್ಕು ಬೆರಳು ಮೇಲೆ, ಎಂದು ಕೈ ಚಾಚಿ ಅಳೆದು ತೋರಿಸಿದರು. ಯುವತಿ ಬರೆದುಕೊಂಡಳು, ಎರಡು ಸಲ ವಂದಿಸಿದಳು, ಇನ್ಯಾರಾದರೂ ನೋಡಿದಿರಾ ಎಂದು ನನ್ನ ಕಡೆ ತಿರುಗಿದಳು. ಇಂಥ ಪ್ರಶ್ನೆಗೆ ಉತ್ತರ ಹೇಳದೆ ಇರುವುದು ಸುಲಭ. ಆದರೆ ನನ್ನ ತೀರ್ಪು ಕೇಳಿದ್ದ ನಿಂಗೇಗೌಡರೂ ಆಳುಗಳೂ ಅಲ್ಲೇ ನಿಂತಿದ್ದರು.

"ಇದನ್ನೂ ಬರೆದುಕೊಳ್ಳಿ" ಎಂದೆ. "ಅಲ್ಲಿ ಏನೂ ಇಲ್ಲ, ಇವರ ಕಣ್ಣೇ ಸರಿಯಿಲ್ಲ ಎಂದು ಹೇಳಿದವನು ನಾನು. ಕಾಣದಿದ್ದದ್ದು ನನಗೆ. ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ."

ಆಕೆ ಬರೆದುಕೊಳ್ಳಲಿಲ್ಲ, ನಕ್ಕಳು. ಪುಟ್ಟತಾಯಮ್ಮ ನಗಲಿಲ್ಲ. "ಅಯ್ಯೋ ಮೇಷ್ಟ್ರೇ, ಇಷ್ಟ್ ದಿನ ಒಬ್ರೇ ಮಡಿಕ್ಕಂಡು ಎದ್ರುಕೊಂಡಿದ್ರಾ? ಇರುವೆ ಕಚ್ದಂಗೂ ಆಗಕಿಲ್ಲ. ನಂದೂ ಬಲಗಣ್ಣು ಬಾಕಿ ಅದೆ. ವಾಯ್ದೆ ಹಾಕ್ದೆ ಜೊತೇಲಿ ಹೋಗ್ಬುಡವ" ಎಂದರು.

ಹೋದೆವು. ನನ್ನಾಕೆ, ನಿಂಗೇಗೌಡರು, ನಾವಿಬ್ಬರು, ಒಂದೇ ಬಸ್ಸಿನಲ್ಲಿ. ಪುಟ್ಟತಾಯಮ್ಮನ ಮಾತು ನಿಜವಾಗಿತ್ತು, ಇರುವೆಯೂ ಕಚ್ಚಲಿಲ್ಲ.

ಈಗ ಹೊಗೆಗೆ ಹೋಗಬಾರದ ಅವಧಿ ಮುಗಿದಿದೆ. ಮೊನ್ನೆ ಆಲೆಮನೆಗೆ ಹೋದವನು ಅಂಗಳದಲ್ಲಿ ಆಕೆ ಅವತ್ತು ನಿಂತ ಜಾಗದಲ್ಲೇ ನಿಂತು, ಕದದ ಸದ್ದನ್ನು ಲೆಕ್ಕಿಸದೆ ಕತ್ತನ್ನು ಮೇಲಕ್ಕೆತ್ತಿದೆ. ತೆಂಗಿನ ಗರಿಯ ಒಂದೊಂದು ಕಡ್ಡಿಯೂ ಬೇರೆಬೇರೆಯಾಗಿ ಕಂಡಿತು. ಅದರಾಚೆ ಬರೀ ನೀಲಿ, ಎಲ್ಲಿಯೂ ಮಬ್ಬಿಲ್ಲದ ನೀಲಿ. ಇಷ್ಟು ಆಕಾಶ ಇಷ್ಟು ವರ್ಷ ಇಲ್ಲಿಯೇ ಇತ್ತಲ್ಲ ಎಂದು ಕಣ್ಣು ತುಂಬಿ ಬಂತು.

ಹುಟ್ಟು ಹಿಡಿದೇ ಹೊರಗೆ ಬಂದ ಪುಟ್ಟತಾಯಮ್ಮ ಕೇಳಿದರು, "ಏನ್ ಕಾಣ್ತದೆ ಮೇಷ್ಟ್ರೇ?"

"ಏನೂ ಇಲ್ಲ ಪುಟ್ಟತಾಯಮ್ಮ. ಒಂದು ಚುಕ್ಕೆಯೂ ಇಲ್ಲ."

"ಅಂಗಾದ್ರೆ ಕಣ್ಣು ಸರಿಯಾಗಿ ಅದೆ ಬುಡಿ" ಎಂದು ಆಕೆ ಒಳಗೆ ಹೋದರು.

ಕತ್ತು ಮಾತ್ರ ಅಂದಿನಿಂದ ಮತ್ತಷ್ಟು ನೋಯುತ್ತಿದೆ. ದಿಂಬಿನ ತಪ್ಪೇನೂ ಇಲ್ಲ.