ಮಾಲತಿಯನ್ನು ಹುಡುಕುವಾಗ ಸಿಕ್ಕವಳು

೨೦೧೪ರಲ್ಲಿ ನಾನು ಪುಣೆ ಪಕ್ಕದ ಪಿಂಪ್ರಿ-ಚಿಂಚವಡ ಭಾಗದ ಒಂದು ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದೆ. ಕಾಣೆಯಾದವರ ರಜಿಸ್ಟರು ನನ್ನ ಮೇಜಿನ ಮೇಲೆ ಇರುತ್ತಿತ್ತು. ನನ್ನ ತಂದೆ ವಿಜಯಪುರದಿಂದ ಪುಣೆಗೆ ಗುಮಾಸ್ತರಾಗಿ ಬಂದವರು. ಹೊರಗೆಲ್ಲ ಮರಾಠಿ, ಮನೆಯೊಳಗೆ ಕನ್ನಡ, ಹೀಗೆ ಬೆಳೆದವಳು ನಾನು. ಠಾಣೆಯಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬಳಿಗೇ. ಹಾಗಾಗಿ ಜೂನ್ ತಿಂಗಳ ಒಂದು ಬೆಳಿಗ್ಗೆ ನಿಗಡಿಯ ಬಸವರಾಜ ಎಂಬವರು ತಮ್ಮ ತಾಯಿಯ ಜೊತೆ ಬಂದು ನಿಂತಾಗ, ಸಾಹೇಬರು ಅವರನ್ನು ನೇರವಾಗಿ ನನ್ನ ಮೇಜಿಗೆ ಕಳಿಸಿದರು.

ಬಸವರಾಜ ಆಕುರ್ಡಿಯ ಒಂದು ಸಾರಿಗೆ ಕಚೇರಿಯಲ್ಲಿ ಕ್ಲರ್ಕು. ಹೆಂಡತಿ ಮಾಲತಿ, ವಯಸ್ಸು ಮೂವತ್ತನಾಲ್ಕು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ನಿಪ್ಪಾಣಿಯಲ್ಲಿದ್ದ ತಂಗಿಗೆ ಹೆರಿಗೆಯಾಗಿತ್ತು. ಕೂಸಿನ ತಲೆಗೂ ಬೆನ್ನಿಗೂ ಹೊದಿಸುವ ಕುಂಚಿಗೆಯನ್ನು ತಾನೇ ಹೊಲಿದು, ಚೀಲದಲ್ಲಿಟ್ಟುಕೊಂಡು, ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟಿದ್ದಳು. ಪುಣೆಯ ದಕ್ಷಿಣ ತುದಿಯ ಕಾತ್ರಜಕ್ಕೆ ಹೋಗಿ ಅಲ್ಲಿಂದ ಕರ್ನಾಟಕದ ಕಡೆಯ ಬಸ್ಸು ಹಿಡಿಯುವುದೆಂದು ಮಾತಾಗಿತ್ತು.

"ಕಾತ್ರಜಕ್ಕ ಮುಟ್ಟೇನಿ ಅಂತ ಫೋನ್ ಮಾಡಿದ್ಳರಿ," ಎಂದರು ಬಸವರಾಜ. "ಮುಂದ ಫೋನ್ ಹತ್ತಲೇ ಇಲ್ಲ. ನಿಪ್ಪಾಣಿಗೆ ಹೋಗೇ ಇಲ್ರಿ."

ವಯಸ್ಕರೊಬ್ಬರು ಕಾಣೆಯಾದರೆ ಅಷ್ಟರಿಂದಲೇ ಅದು ಅಪರಾಧವಾಗುವುದಿಲ್ಲ. ಎಫ್‌ಐಆರ್ ಇರುವುದಿಲ್ಲ, ರಜಿಸ್ಟರಿನಲ್ಲಿ ನಮೂದು ಮಾಡಿ, ವಿವರ ಮತ್ತು ಫೋಟೋವನ್ನು ಬೇರೆ ಠಾಣೆಗಳಿಗೆ ಕಳಿಸಿ, ವಿಚಾರಣೆ ಶುರು ಮಾಡುತ್ತೇವೆ. ನಾನೂ ಅದನ್ನೇ ಮಾಡಿದೆ. ಕಾತ್ರಜದ ನಿಲ್ದಾಣದ ಬಳಿಯ ಅಂಗಡಿಯೊಂದರ ಕ್ಯಾಮೆರಾದಲ್ಲಿ ಮಾಲತಿ ಕಂಡಳು. ನೀರಿನ ಬಾಟಲಿ ಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಚಿತ್ರದ ಎಡಬದಿಯಿಂದ ಹೊರಗೆ ಹೋದಳು. ಅಲ್ಲಿಂದಾಚೆ ಆಕೆಯನ್ನು ಕಂಡೆ ಎಂದವರು ಒಬ್ಬರೂ ಸಿಗಲಿಲ್ಲ. ಆ ದಾರಿಯ ಕಂಡಕ್ಟರುಗಳನ್ನು, ಆಸ್ಪತ್ರೆಗಳನ್ನು, ಶವಾಗಾರಗಳನ್ನು, ಸಾತಾರಾ, ಕೊಲ್ಹಾಪುರದವರೆಗಿನ ಠಾಣೆಗಳನ್ನು ವಿಚಾರಿಸಿದೆವು. ಫೋನಿನ ಕೊನೆಯ ಸಿಗ್ನಲ್ ಕೂಡ ಕಾತ್ರಜದ ಟವರಿನದೇ.

ಬೇರೆ ಏನೂ ಸಿಗದಿದ್ದಾಗ ನಾವು ಗಂಡನ ಕಡೆಗೆ ತಿರುಗುತ್ತೇವೆ. ಅದು ಪೊಲೀಸರ ಅಭ್ಯಾಸ. ಎಷ್ಟೋ ಸಲ ಸರಿಯೂ ಆಗಿರುತ್ತದೆ. ಬಸವರಾಜರನ್ನು ದಿನವೂ ಕರೆಸಿದೆವು. ಬೆಳಿಗ್ಗೆಯಿಂದ ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂಡಿಸಿ, ನಡುವೆ ಹತ್ತು ನಿಮಿಷ ಪ್ರಶ್ನೆ ಕೇಳಿ, ಮತ್ತೆ ಕೂಡಿಸುತ್ತಿದ್ದೆವು. ಹೀಗೆ ಹನ್ನೊಂದು ದಿನ ನಡೆಯಿತು. ಅವರ ಕಟ್ಟಡದ ಜನ ಮಾತಾಡತೊಡಗಿದರು. ಪಕ್ಕದ ಮನೆಯವರು ತಮ್ಮ ಮಕ್ಕಳನ್ನು ಅವರ ಮನೆಗೆ ಆಡಲು ಕಳಿಸುವುದನ್ನು ಬಿಟ್ಟರು.

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಅವರಿಗೆ ಒಂಬತ್ತು ವರ್ಷದ ಮಗಳು, ಅಶ್ವಿನಿ. ಶಾಲೆ ಬಿಡುವ ಹೊತ್ತಿಗೆ ಹೋಗಿ, ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಆಕೆಯನ್ನು ಎದುರಿಗೆ ಕೂಡಿಸಿಕೊಂಡು ಕೇಳಿದೆ: "ಅಪ್ಪ ಅವ್ವನ್ನ ಹೊಡೀತಿದ್ರೇನು?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ನಾನು ನಾಲ್ಕು ಬಗೆಯಲ್ಲಿ ಅದನ್ನೇ ಕೇಳಿದೆ. ನಾಲ್ಕನೆಯ ಸಲ ಆಕೆ ತಲೆಯಾಡಿಸಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು.

ಮರುದಿನ ಬಸವರಾಜರ ತಾಯಿ ಗಂಗವ್ವ ಒಬ್ಬರೇ ಠಾಣೆಗೆ ಬಂದರು. ಅರವತ್ತೈದರ ಹೆಣ್ಣುಮಗಳು, ಬಿಸಿಲಲ್ಲಿ ನಡೆದು ಬಂದಿದ್ದರು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ನನ್ನ ಮಗನ್ನ ಕೇಳವ್ವಾ, ಬೇಕಾದಷ್ಟ ಕೇಳು. ಹುಡುಗಿನ್ನ ಕೇಳಬ್ಯಾಡ. ನಿನ್ನೆಯಿಂದ ಆಕಿ ಅಪ್ಪನ ಬಾಜೂಕ ಕುಂಡ್ರವಲ್ಲಳು. ಉಂಬಾಗ ಅವನ ಕೈ ನೋಡ್ತಾಳ. ಆಕಿಗೆ ಉಳದಾಂವ ಅವನೊಬ್ಬನ."

ಅಷ್ಟು ಹೇಳಿ ಹೊರಟುಹೋದರು. ದನಿ ಏರಿಸಲಿಲ್ಲ, ಅಳಲೂ ಇಲ್ಲ.

ಅದೇ ವಾರ ಬಸವರಾಜರ ಕಚೇರಿಯ ಹಾಜರಿ, ಅವರ ಫೋನಿನ ದಾಖಲೆ, ಅಂದು ಅವರ ಜೊತೆ ಕೂತು ಕೆಲಸ ಮಾಡಿದ ಮೂವರ ಹೇಳಿಕೆ ಎಲ್ಲ ಬಂದವು. ಮಾಲತಿ ಕಾತ್ರಜದಲ್ಲಿದ್ದ ಹೊತ್ತಿಗೆ ಅವರು ಆಕುರ್ಡಿಯ ತಮ್ಮ ಮೇಜು ಬಿಟ್ಟು ಎದ್ದಿರಲಿಲ್ಲ. ಹಿಂದೆ ಮುಂದೆ ಯಾವ ಜಗಳವೂ, ಯಾವ ಸಂಚಿನ ಸುಳಿವೂ ಇರಲಿಲ್ಲ. ಫೈಲಿನಲ್ಲಿ ಹಾಗೆಂದು ಬರೆದೆ. ಆದರೆ ಹುಡುಗಿಯ ಬಳಿ ಹೋಗಿ ಅದನ್ನು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆಯಿತು, ಆದರೆ ಹೋಗಲಿಲ್ಲ ಎನ್ನುವುದೇ ನಿಜ. ನಾಚಿಕೆಯಾಗುತ್ತಿತ್ತು.

ಎರಡೂವರೆ ವರ್ಷ ಕಳೆಯಿತು. ಬಸವರಾಜ ಪ್ರತಿ ತಿಂಗಳ ಮೊದಲ ಶನಿವಾರ ಠಾಣೆಗೆ ಬರುತ್ತಿದ್ದರು. "ಏನರ ತಿಳೀತೇನ್ರಿ?" ಎಂದು ಕೇಳುವುದು, ಇಲ್ಲವೆಂದರೆ ನಮಸ್ಕಾರ ಮಾಡಿ ಹೋಗುವುದು. ಹನ್ನೊಂದು ದಿನ ಕೂತಿದ್ದ ಬೆಂಚಿನ ಮೇಲೆಯೇ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಒಮ್ಮೆಯೂ ಹಳೆಯ ಮಾತು ಎತ್ತಲಿಲ್ಲ.

೨೦೧೬ರ ಡಿಸೆಂಬರಿನಲ್ಲಿ ಬಾರಾಮತಿ ಕಡೆಯ ಒಂದು ಮಹಿಳಾ ಆಶ್ರಯಧಾಮದಿಂದ ಫೋನು ಬಂತು. ಕಬ್ಬಿನ ಗದ್ದೆಗಳ ನಡುವಿನ ರಸ್ತೆಯಲ್ಲಿ ಒಬ್ಬ ಹೆಂಗಸು ಸಿಕ್ಕಿದ್ದಾಳೆ, ಸುಮಾರು ಮೂವತ್ತೈದರ ವಯಸ್ಸು, ಹೆಸರು ಹೇಳುತ್ತಿಲ್ಲ, ನಿದ್ದೆಯಲ್ಲಿ ಕನ್ನಡ ಮಾತಾಡುತ್ತಾಳೆ. ಕಳಿಸಿದ ಫೋಟೋದಲ್ಲಿ ತಲೆ ಬೋಳಿಸಿತ್ತು, ಮುಖ ಬಾಡಿತ್ತು. ಮಾಲತಿ ಇರಬಹುದು, ಇರಲಿಕ್ಕಿಲ್ಲ. ಬಸವರಾಜ ಆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನೋಡೇ ಬರೂಣ್ರಿ," ಎಂದರು.

ಬಸವರಾಜ, ಗಂಗವ್ವ, ನಾನು, ಮೂವರೂ ಬಸ್ಸಿನಲ್ಲಿ ಹೋದೆವು. ಮೂರು ತಾಸಿನ ದಾರಿ. ಗಂಗವ್ವ ಸೊಸೆಯ ಒಂದು ಜೊತೆ ಬಟ್ಟೆ ಇಸ್ತ್ರಿ ಮಾಡಿಸಿ ತಂದಿದ್ದರು.

ಆಶ್ರಯಧಾಮದ ಪಡಸಾಲೆಯಲ್ಲಿ ಆ ಹೆಂಗಸು ಗೋಡೆಗೆ ಆತು ಕೂತಿದ್ದಳು. ಬಸವರಾಜ ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು. "ಅಲ್ರಿ," ಎಂದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತರು. ನಾನು ಅವರ ಹಿಂದೆ ಹೋದೆ. ಗಂಗವ್ವ ಬರಲಿಲ್ಲ. ತಿರುಗಿ ನೋಡಿದರೆ ಆಕೆ ಆ ಹೆಂಗಸಿನ ಎದುರು ನೆಲದ ಮೇಲೆ ಕೂತು, ತಂದಿದ್ದ ಸೀರೆಯನ್ನು ಅವಳ ಹೆಗಲ ಮೇಲೆ ಹೊದಿಸುತ್ತಿದ್ದರು.

"ಊಟ ಆತೇನವ್ವಾ?" ಎಂದು ಕೇಳಿದರು.

ಹೆಂಗಸು ಒಂದೇ ಮಾತು ಹೇಳಿದಳು: "ಭಜ್ಜಿ."

ಮೇಲ್ವಿಚಾರಕಿ ನಕ್ಕು ಮರಾಠಿಯಲ್ಲಿ ಹೇಳಿದರು: ಎಂಟು ದಿನದಿಂದ ಇದೊಂದೇ ಮಾತು. ಈರುಳ್ಳಿ ಭಜಿ ಕರಿದು ಕೊಟ್ಟೆವು, ಆಲೂಗಡ್ಡೆ ಭಜಿ ಕೊಟ್ಟೆವು, ತಟ್ಟೆಯನ್ನೇ ದೂಡುತ್ತಾಳೆ.

ಮರಳಿ ಬರುವಾಗ ಗಂಗವ್ವ ಕಿಟಕಿಯ ಹೊರಗೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ನನ್ನ ಕೈ ಮುಟ್ಟಿದರು. "ಅದು ಕರದ ಭಜಿ ಅಲ್ಲವ್ವಾ. ನನ್ನ ತವರುಮನಿ ಆಳಂದ ಕಡೆ. ಎಳ್ಳಮಾಸಿಗೆ, ಅಮಾಸಿ ದಿನ, ಹೊಲದ ಪೂಜಾಕ್ಕ ಹೋಗಾಗ ನಾವು ಭಜ್ಜಿ ಮಾಡ್ತೀವಿ. ಹಸಿ ತೊಗರಿ, ಹಸಿ ಕಡ್ಲಿ, ಎಲ್ಲಾ ಥರದ ಸೊಪ್ಪು, ಹುಣಸಿಹಣ್ಣ ಹಾಕಿ ಕುದಿಸಿದ ಪಲ್ಯ. ಈಗ ಎಳ್ಳಮಾಸಿ ಹತ್ತರ ಬಂತಲ್ಲ, ಅದು ನೆನಪಾಗೇದ ಆಕಿಗೆ. ಆ ಹುಡುಗಿ ನಮ್ಮ ಕಲಬುರ್ಗಿ-ಬೀದರ ಕಡ್ಯಾಕಿ."

ನಾನು ನಾಳೆಯೇ ಆ ಜಿಲ್ಲೆಗಳ ಠಾಣೆಗಳಿಗೆ ಫೋಟೋ ಕಳಿಸುತ್ತೇನೆಂದೆ. ಗಂಗವ್ವನಿಗೆ ಅಷ್ಟು ಸಾಲಲಿಲ್ಲ. ಮುಂದಿನ ರವಿವಾರ ಭಜ್ಜಿ ಮಾಡಿ, ಸಜ್ಜೆರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು, ಮಗನನ್ನು ಕರೆದುಕೊಂಡು ಮತ್ತೆ ಬಾರಾಮತಿಗೆ ಹೊರಟರು. ಅಶ್ವಿನಿಯನ್ನೂ ಜೊತೆಗೆ ಕರೆದುಕೊಂಡರು. ನನಗೆ ಅಂದು ರಜೆ. ಸಮವಸ್ತ್ರವಿಲ್ಲದೆ ನಾನೂ ಹೋದೆ.

ಬಸ್ಸಿನಲ್ಲಿ ನಾನು ಕೇಳಿದೆ, "ಅವ್ವಾರ, ನಿಮ್ಮವರಲ್ಲ ಅಂತ ಗೊತ್ತಾದ ಮ್ಯಾಲೂ ಇಷ್ಟ ದೂರ ಯಾಕ ಬರ್ತೀರಿ?"

"ನಮ್ಮಾಕಿನೂ ಎಲ್ಲೋ ಹಿಂಗ ಕುಂತಿದ್ರ?" ಎಂದರು ಗಂಗವ್ವ. "ಯಾರರ ಆಕಿ ಮುಂದ ಹೋಗಿ ಕುಂಡ್ರಬೇಕಲ್ಲ."

ಡಬ್ಬಿ ತೆರೆದಾಗ ಆ ಹೆಂಗಸು ಮೊದಲು ವಾಸನೆ ನೋಡಿದಳು. ಆಮೇಲೆ ರೊಟ್ಟಿ ಮುರಿದು ಒಂದೇ ಸಮನೆ ತಿಂದಳು. ಗಂಗವ್ವ ಅವಸರ ಮಾಡಲಿಲ್ಲ. ಅರ್ಧ ಊಟವಾದ ಮೇಲೆ ಮೆಲ್ಲಗೆ ಕೇಳಿದರು: "ಎಳ್ಳಮಾಸಿಗೆ ಯಾರ ಹೊಲಕ್ಕ ಹೋಗ್ತಿದ್ದಿ?"

"ಅಣ್ಣನ ಹೊಲ."

"ಅಣ್ಣನ ಹೆಸರೇನು?"

"ಶಿವಶರಣ." ಮತ್ತೊಂದು ತುತ್ತು ತಿಂದು, "ಭಾಲ್ಕಿ ಬಸ್ಸಿನ್ಯಾಗ ಹೋಗಿ ಇಳೀಬೇಕು," ಎಂದಳು.

ಎರಡೂವರೆ ವರ್ಷದ ನನ್ನ ಫೈಲಿನಲ್ಲಿ ಅಷ್ಟು ದೊಡ್ಡ ಸುಳಿವು ಒಂದೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಬೀದರ ಜಿಲ್ಲೆಯ ಪೊಲೀಸರಿಗೆ ಫೋನ್ ಮಾಡಿದೆ. ಒಂಬತ್ತನೆಯ ದಿನ ಭಾಲ್ಕಿ ತಾಲೂಕಿನ ಒಂದು ಹಳ್ಳಿಯಿಂದ ಶಿವಶರಣಪ್ಪ ಆಶ್ರಯಧಾಮಕ್ಕೆ ಬಂದರು. ಬಾಣಂತನದಲ್ಲಿ ಕೂಸು ತೀರಿಕೊಂಡು, ಮನಸ್ಸು ಕೆಟ್ಟು, ಮೂರು ವರ್ಷದ ಹಿಂದೆ ಮನೆ ಬಿಟ್ಟು ಹೋಗಿದ್ದ ತಂಗಿ ಅವಳು. ಹೆಸರು ಶಾಂತಾಬಾಯಿ. ಅಣ್ಣನನ್ನು ಕಂಡು ಅವಳು ಓಡಿ ಬರಲಿಲ್ಲ. ಹತ್ತಿರ ಬಂದು, ಅವರ ರುಮಾಲಿನ ಚುಂಗು ಹಿಡಿದು ನಿಂತಳು. ಅವರು ಮಾತ್ರ ಮಗುವಿನ ಹಾಗೆ ಅತ್ತರು.

ಊರಿಗೆ ಹೋಗುವ ಮೊದಲು ಅಣ್ಣ ತಂಗಿ ಇಬ್ಬರೂ ನಿಗಡಿಗೆ ಬಂದರು. ಗಂಗವ್ವನ ಮನೆಯಲ್ಲಿ ಎಲ್ಲರೂ ಕೂತು ಚಹಾ ಕುಡಿದೆವು. ಶಿವಶರಣಪ್ಪ ಬಸವರಾಜರ ಕೈ ಹಿಡಿದುಕೊಂಡು ಬಿಡದೆ ಕೂತಿದ್ದರು. ಬಾಗಿಲ ಬಳಿ ನಿಂತ ಅಶ್ವಿನಿ ತನ್ನ ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಅದನ್ನು ಕಂಡ ಮೇಲೆ ನನಗೆ ಇನ್ನು ಸುಮ್ಮನಿರಲಾಗಲಿಲ್ಲ. ಅವಳನ್ನು ಒಳಗಿನ ಕೋಣೆಗೆ ಕರೆದೆ.

"ಅಶ್ವಿನಿ, ಶಾಲಿಗೆ ಬಂದು ನಿನಗ ಒಂದು ಪ್ರಶ್ನೆ ಕೇಳಿದ್ನಲ್ಲ, ಅದು ತಪ್ಪಿತ್ತು. ನಿಮ್ಮಪ್ಪ ಏನೂ ಮಾಡಿಲ್ಲ. ನಾವು ಎಲ್ಲಾ ನೋಡೀವಿ, ಒಂದೊಂದ ತಾಸು ಲೆಕ್ಕಾ ಹಾಕಿ ನೋಡೀವಿ. ಅವರು ಏನೂ ಮಾಡಿಲ್ಲ."

ಹನ್ನೊಂದು ವರ್ಷದ ಹುಡುಗಿ ನೆಲ ನೋಡುತ್ತ ಹೇಳಿದಳು, "ನನಗ ಗೊತ್ತಿತ್ತು. ಆದ್ರ ನೀವ ಹೇಳಬೇಕಾಗಿತ್ತು."

ಹೊರಗೆ ಬಂದು ಆಕೆ ಅಪ್ಪನ ಪಕ್ಕದಲ್ಲಿ ಕೂತಳು. ಬಸವರಾಜ ತಿರುಗಿ ನೋಡಲಿಲ್ಲ. ಅಲ್ಲಾಡಿದರೆ ಎದ್ದು ಹೋದಾಳೇನೋ ಎನ್ನುವ ಹಾಗೆ ಹಾಗೇ ಕೂತರು.

ಮಾಲತಿ ಇವತ್ತಿನವರೆಗೂ ಸಿಕ್ಕಿಲ್ಲ. ೨೦೨೨ರಲ್ಲಿ ನಾನು ನಿವೃತ್ತಳಾದಾಗ ಆ ಫೈಲನ್ನು ಹೊಸಬರಿಗೆ ಒಪ್ಪಿಸಿ, ಪ್ರತಿಯೊಂದು ಪುಟವನ್ನೂ ಕೂತು ವಿವರಿಸಿದೆ. ಆಕೆಗೆ ಏನಾಯಿತೆಂದು ನನಗೆ ಗೊತ್ತಿಲ್ಲ. ಊಹೆಗಳಿದ್ದವು, ಒಂದಕ್ಕೂ ಆಧಾರ ಸಿಗಲಿಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ಅಶ್ವಿನಿಯ ಫೋನು ಬಂತು. ಈಗ ಅವಳಿಗೆ ಇಪ್ಪತ್ತು, ನರ್ಸಿಂಗ್ ಓದುತ್ತಾಳೆ. ಪಾಸ್‌ಪೋರ್ಟಿನ ಅರ್ಜಿ ತುಂಬಿಸಲು ಹೋಗಿದ್ದಳಂತೆ.

"ತಾಯಿ ಹೆಸರಿನ ಹಿಂದ ದಿವಂಗತ ಅಂತ ಹಾಕ್ಲಾ ಅಂತ ಅಲ್ಲಿಯಾಂವ ಕೇಳಿದನ್ರಿ ಆಂಟಿ."

"ನೀ ಏನಂದಿ?"

"ಬರೇ ಹೆಸರು ಬರೀರಿ ಅಂದೆ. ಗೊತ್ತಿಲ್ಲದ್ದನ್ನ ಬರಿಯೂದು ಬ್ಯಾಡ ಅಂದೆ."

ಸರಿ ಮಾಡಿದೆ ಎಂದೆ. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ನಾನು ಕಲಿತದ್ದನ್ನು ಆ ಹುಡುಗಿ ಒಂದು ಮಾತಿನಲ್ಲಿ ಹೇಳಿದ್ದಳು. ನಮ್ಮ ಕೆಲಸದಲ್ಲಿ ಖಾಲಿ ಉಳಿದ ಅಂಕಣ ಕಣ್ಣಿಗೆ ಚುಚ್ಚುತ್ತದೆ. ಅದನ್ನು ತುಂಬುವ ಅವಸರದಲ್ಲಿ ಯಾರದಾದರೂ ಹೆಸರು ಬರೆಯಲು ಹೊರಡುತ್ತೇವೆ. ನಾನೂ ಹೊರಟಿದ್ದೆ. ಗೊತ್ತಿಲ್ಲ ಎಂದು ಒಪ್ಪಿಕೊಂಡೂ ಹುಡುಕುತ್ತಿರಬಹುದು, ಹುಡುಕುತ್ತಲೇ ಮನೆಯಲ್ಲಿ ಉಳಿದವರನ್ನು ಜೋಪಾನ ಮಾಡಬಹುದು ಎಂದು ಆ ಮನೆಯವರು ನನಗೆ ಕಲಿಸಿದರು. ಅವರಿಗೆ ನಾನು ಹುಡುಕಿಕೊಟ್ಟದ್ದು ಏನೂ ಇಲ್ಲ. ಅವರಿಂದ ನನಗೆ ಸಿಕ್ಕದ್ದು ಬಹಳ.

ಫೋನ್ ಇಡುವ ಮೊದಲು ಅಶ್ವಿನಿ ಅಂದಳು, "ತಡೀರಿ, ಅಜ್ಜಿ ಏನೋ ಕೇಳ್ಲಿಕತ್ತಾಳ." ಹಿಂದಿನಿಂದ ಗಂಗವ್ವನ ದನಿ ಕೇಳಿಸಿತು: "ನೌಕರಿ ಬಿಟ್ಟ ಮ್ಯಾಲೆ ಭಾಳ ದೊಡ್ಡಾಕಿ ಆಗ್ಯಾಳೇನು? ಊಟಕ್ಕ ಯಾವಾಗ ಬರ್ತಾಳ ಕೇಳು."

ಈ ರವಿವಾರವೇ ಬರುತ್ತೇನೆ ಎಂದೆ.